ಗ್ರೋನ್, ಮೋನ್, ಮೌನ

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಜೋರಾಗಿ ಬಿಟ್ಟು, ಕನ್ನಡಿಯ ಮುಂದೆ ನಿಂತು ಲೇಬಲ್ಲಪ್ಪ ನರಳಿದ. ನೋವೇನೂ ಇರಲಿಲ್ಲ. ಸಂಜೆ ಇಂಗ್ಲಿಷ್ ಪರೀಕ್ಷೆ ಇತ್ತು.

ಹೆತ್ತವರು ಇಟ್ಟ ಹೆಸರು ಬೇರೆಯೇ. ಕೊಳಾಯಿ ಸಾಮಾನಿನ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತ, ಕಂಡ ಕಂಡ ಪೈಪು, ತಿರುಪು, ವಾಷರುಗಳಿಗೆಲ್ಲ ಚೀಟಿ ಅಂಟಿಸಿ ಅಂಟಿಸಿ ಈ ಹೆಸರು ಗಳಿಸಿದ್ದ. ಮನೆಯಲ್ಲೂ ಬಿಟ್ಟಿರಲಿಲ್ಲ. ಅಡುಗೆಮನೆಯ ಒಂದು ಡಬ್ಬದ ಮೇಲೆ ‘ಉಪ್ಪು’ ಎಂದಿದ್ದರೆ ಪಕ್ಕದ ಡಬ್ಬದ ಮೇಲೆ ‘ಇದು ಉಪ್ಪಲ್ಲ, ಸಕ್ಕರೆ’ ಎಂದಿತ್ತು.

ಗೋದಾಮಿನ ಮಹಡಿಯ ಮೇಲೆ ಒಂದು ಗಾಜಿನ ಕೋಣೆ. ಅದರೊಳಗೆ ತಿರುಗುವ ಕುರ್ಚಿ, ಫೋನು, ಪಕ್ಕದಲ್ಲಿ ಗಾಳಿ ಬರುವ ಕಿಟಕಿ. ಆ ಕುರ್ಚಿಯಲ್ಲಿ ಕೂತಿದ್ದವರು ಹೋದ ತಿಂಗಳು ನಿವೃತ್ತರಾಗಿದ್ದರು. ಕೆಳಗಿನ ಧೂಳಿನಲ್ಲಿ ಅರ್ಧ ಆಯಸ್ಸು ಕಳೆದ ಲೇಬಲ್ಲಪ್ಪನಿಗೆ ಈಗ ಜೀವವೆಲ್ಲ ಆ ಕುರ್ಚಿಯ ಮೇಲೆಯೇ. ಆದರೆ ಮೇಲೆ ಕೂರುವವನಿಗೆ ಇಂಗ್ಲಿಷ್ ಬೇಕೇ ಬೇಕು ಎಂದು ಅವನು ತೀರ್ಮಾನಿಸಿಕೊಂಡುಬಿಟ್ಟಿದ್ದ. ಬೇಕೇ ಎಂದು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾರು ಎಂಬ ಹೆದರಿಕೆ.

ಹಾಗಾಗಿ ಸಂಜೆಯ ತರಗತಿಗೆ ಸೇರಿದ್ದ, ಅದೂ ಕದ್ದುಮುಚ್ಚಿ. ಮೊದಲೇ ಎರಡು ಸಲ ಫೇಲಾಗಿದ್ದವನು ಮೂರನೆಯ ಸಲ ಹೋಗುತ್ತಿದ್ದೇನೆಂದು ಹೆಂಡತಿಯ ಮುಂದೆ ಹೇಗೆ ಹೇಳಿಯಾನು? ಗೋದಾಮಿನಲ್ಲಿ ಸಂಜೆ ದಾಸ್ತಾನು ಪರಿಶೀಲನೆ ಇರುತ್ತದೆ ಎಂದು ಹೇಳಿ ನಂಬಿಸಿದ್ದ. ಸಾಲದ್ದಕ್ಕೆ ಹೆಂಡತಿಯ ತಾಯಿ ಬೇರೆ ಬಂದು ಕೂತಿದ್ದರು. ಅತ್ತೆಯ ಮುಂದೆ ಫೇಲಾಗುವುದಕ್ಕಿಂತ ಪೈಪಿನೊಳಗೆ ನುಸುಳಿ ಅಡಗುವುದು ಲೇಸು.

ಈ ಸಲದ ಪಾಠವೋ, ಮನುಷ್ಯ ನೋವಿನಲ್ಲಿ, ತ್ರಾಸದಲ್ಲಿ, ಭಾರ ಎತ್ತುವಾಗ ಹೊರಡಿಸುವ ಸದ್ದುಗಳ ಇಂಗ್ಲಿಷ್ ಹೆಸರುಗಳು. ಬಾಯಿಬಿಟ್ಟು ದೊಡ್ಡದಾಗಿ ನರಳಿದರೆ ಗ್ರೋನ್. ಬಾಯಿ ಮುಚ್ಚಿಕೊಂಡು ಸಣ್ಣಗೆ, ಉದ್ದಕ್ಕೆ ನರಳಿದರೆ ಮೋನ್. ಮೂಟೆ ಎತ್ತುವಾಗ ಹ್ಹುಂ ಎಂದು ತಿಣುಕಿದರೆ ಗ್ರಂಟ್. ಗಕ್ಕನೆ ಉಸಿರೆಳೆದುಕೊಂಡರೆ ಗ್ಯಾಸ್ಪ್. ರಾಗ ಎಳೆದು ಗೊಣಗಿದರೆ ವೈನ್. ಕೇಳುತ್ತ ಕೇಳುತ್ತ ಲೇಬಲ್ಲಪ್ಪನಿಗೆ ಇಂಗ್ಲಿಷರ ಮೇಲೆ ಗೌರವವೇ ಹುಟ್ಟಿತ್ತು. ತನ್ನ ಮನೆಯಲ್ಲಿ ಕಾಲ್ಬೆರಳು ಎಡವಿದರೂ ಅಯ್ಯೋ, ಹಾಲು ಉಕ್ಕಿದರೂ ಅಯ್ಯೋ, ಪಕ್ಕದ ಮನೆಯವರು ಹೊಸ ಫ್ರಿಜ್ಜು ತಂದರೂ ಅಯ್ಯೋ. ಎಲ್ಲವನ್ನೂ ಒಂದೇ ಗೋಣಿಚೀಲದಲ್ಲಿ ತುಂಬಿದ ಹಾಗೆ. ಅವರು ನೋಡಿದರೆ ಒಂದೊಂದು ನರಳಾಟಕ್ಕೂ ಒಂದೊಂದು ಕಪಾಟು, ಒಂದೊಂದು ಚೀಟಿ.

ಸದ್ದು ಮಾಡದೆ ಪದ ನಾಲಿಗೆಗೆ ಹತ್ತುವುದಿಲ್ಲ ಎಂಬುದು ಟೀಚರಮ್ಮನ ಸಿದ್ಧಾಂತ. ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು, ಅದರಲ್ಲಿ ಬಂದ ಸದ್ದನ್ನು ಮಾಡಿ ತೋರಿಸಬೇಕು. ಆಕೆಗೆ ಒಪ್ಪಿಗೆಯಾದರೆ ಪಾಸು.

ಗ್ರಂಟ್ ಸಹಜವಾಗಿ ಬರಲೆಂದು ಲೇಬಲ್ಲಪ್ಪ ನೀರು ತುಂಬಿದ ಬಕೀಟನ್ನು ಎತ್ತಿ ಹ್ಹುಂ ಎಂದ. ಇಳಿಸಿ, ಮತ್ತೆ ಎತ್ತಿ ಮತ್ತೆ ಹ್ಹುಂ ಎಂದ. ಹೊರಗೆ ಓಡಾಡುತ್ತಿದ್ದ ಹೆಜ್ಜೆಗಳು ಬಾಗಿಲ ಬಳಿ ನಿಂತದ್ದು ಅವನಿಗೆ ತಿಳಿಯಲಿಲ್ಲ. ಆಮೇಲೆ ಉಸಿರನ್ನು ಗಕ್ಕನೆ ಒಳಗೆಳೆದು, “ಗ್ಯಾಸ್ಪ್, ಗ್ಯಾಸ್ಪ್” ಎಂದು ಉರು ಹೊಡೆದ.

“ಗ್ಯಾಸ್ ಅಂತಿದ್ದಾರಮ್ಮ,” ಎಂದಳು ಹೊರಗಿನಿಂದ ಹೆಂಡತಿ.

“ಗ್ಯಾಸ್ ಅಲ್ದೆ ಇನ್ನೇನು. ನಾನು ಬಂದಾಗಿಂದ ನೋಡ್ತಿದೀನಿ, ನಿನ್ನ ಗಂಡ ಒಳಗೆ ಹೋದ್ರೆ ಹೊರಗೆ ಬರೋ ಮಾತೇ ಇಲ್ಲ. ಪಾಪ, ಹೇಗೆ ತಿಣುಕ್ತಿದ್ದಾರೆ ನೋಡು. ನನ್ನ ಬಾಟ್ಲಿ ಎಲ್ಲಿಟ್ಟೆ?”

ಬೇರೆಯವರು ಕೊಡೆ ಹಿಡಿದು ಊರಿಗೆ ಹೊರಟರೆ ಅತ್ತೆ ಹರಳೆಣ್ಣೆಯ ಬಾಟಲಿ ಹಿಡಿದು ಹೊರಡುವವರು. ತಲೆನೋವಿಗೂ ಅದೇ, ಮುನಿಸಿಗೂ ಅದೇ. ಬಾಟಲಿಯ ಮೇಲೆ ‘ಹರಳೆಣ್ಣೆ’ ಎಂದು ಮುದ್ದಾಗಿ ಬರೆದು ಅಂಟಿಸಿದವನು ಲೇಬಲ್ಲಪ್ಪನೇ. ಈಗ ಅದು ಚಮಚದ ಸಮೇತ ಬಾಗಿಲಲ್ಲಿ ಕಾದಿರುವುದನ್ನು ಕಂಡು, ಹೊತ್ತಾಯಿತು, ಸಾಹೇಬರು ಬಯ್ಯುತ್ತಾರೆ ಎಂದು ಏನೇನೋ ಹೇಳಿ, ತಿಂಡಿಯನ್ನೂ ಬಿಟ್ಟು ಮೆಟ್ಟಿಲಿಳಿದ. ಇಳಿಯುವಾಗಲೂ ಉರು ನಿಂತಿರಲಿಲ್ಲ. ಕೆಳಮನೆಯ ಟೈಲರಮ್ಮ ಬಾಗಿಲಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದವಳು, ಹೊಟ್ಟೆ ಹಿಡಿದುಕೊಂಡು “ವೈನ್, ವೈನ್” ಎನ್ನುತ್ತ ಹೋದವನನ್ನು ತಿರುವಿನವರೆಗೂ ನೋಡಿದಳು.

ಗೋದಾಮಿನಲ್ಲಿ ಅವನಿಗೆ ಸಮಾಧಾನವಾದದ್ದು ಹಿಂದಿನ ಸಾಲಿನಲ್ಲಿ, ದಪ್ಪ ಪೈಪುಗಳ ಕಪಾಟಿನ ಮರೆಯಲ್ಲಿ. ಗ್ರೋನ್ ಇನ್ನೂ ಸರಿಹೋಗಿರಲಿಲ್ಲ. ಗಂಟಲಿನಿಂದ ಬರುತ್ತಿದೆ, ಹೊಟ್ಟೆಯಿಂದ ಬರಬೇಕು ಎಂದು ಟೀಚರಮ್ಮ ಮತ್ತೆ ಮತ್ತೆ ತಿದ್ದಿದ್ದಳು. ಪೈಪೊಂದನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ, ಹೊಟ್ಟೆಯಿಂದಲೇ ಎಳೆದ. ಆ ಸದ್ದು ಪೈಪಿನೊಳಗೆ ಹೊಕ್ಕು ಆ ತುದಿಯಲ್ಲಿ ಎಮ್ಮೆಯಾಗಿ ಹೊರಬಂದಿತು.

ಕಣ್ಣು ತೆರೆದರೆ ಎದುರಿಗೆ ಮ್ಯಾನೇಜರು. ಮಹಡಿಯಿಂದ ಕೆಳಗೆ ಇಳಿಯುವ ಅಭ್ಯಾಸವೇ ಇಲ್ಲದ ಮನುಷ್ಯ. ಮುಖದ ಮೇಲೆ ಆಗತಾನೆ ಇದ್ದ ನಗು ಅರ್ಧಕ್ಕೇ ನಿಂತಿತ್ತು. ಏನಾಯಿತು, ಏನಾಗುತ್ತಿದೆ ಎಂದು ಗಾಬರಿಯಿಂದ ಕೇಳಿದರು.

ಲೇಬಲ್ಲಪ್ಪನ ತಲೆಯಲ್ಲಿ ಆಗ ಇದ್ದದ್ದು ಒಂದೇ ಪದ. “ಗ್ರೋನ್, ಸಾರ್.”

“ಗ್ರೋನ್? ಎಲ್ಲಿ?”

“ಹೊಟ್ಟೇಲಿ ಸಾರ್. ನಿನ್ನೆ ಇಷ್ಟಿರಲಿಲ್ಲ, ಇವತ್ತು ದೊಡ್ಡದಾಗಿದೆ. ಸಂಜೆ ಹೊತ್ತಿಗೆ ಇನ್ನೂ ದೊಡ್ಡದಾಗುತ್ತೆ.”

ಮ್ಯಾನೇಜರಿಗೆ ಈ ಪದ ಗೊತ್ತಿದೆಯಲ್ಲ ಎಂದು ಅವನಿಗೆ ಒಳಗೊಳಗೇ ಖುಷಿ. ಅವರ ಮುಖ ಸುಣ್ಣದಂತೆ ಬಿಳಿಚಿಕೊಂಡದ್ದನ್ನು ಮೆಚ್ಚುಗೆ ಎಂದೇ ತಿಳಿದ. ಇಂಗ್ಲಿಷಿನಲ್ಲಿ ನರಳುವುದಕ್ಕೂ ಬೆಳೆದುಕೊಂಡಿರುವುದಕ್ಕೂ ಕಿವಿಗೆ ಬೀಳುವ ಸದ್ದು ಒಂದೇ ಎಂಬ ಸಂಗತಿ ಟೀಚರಮ್ಮನ ಮುಂದಿನ ಪಾಠದಲ್ಲಿತ್ತು. ಮ್ಯಾನೇಜರು ಅವನ ಭುಜ ತಟ್ಟಿದರು, ಏನೋ ಹೇಳಲು ಹೋಗಿ ನುಂಗಿಕೊಂಡರು, ಬೆನ್ನು ತಿರುಗಿಸಿ ಮಹಡಿ ಹತ್ತಿದರು.

ಸ್ವಲ್ಪ ಹೊತ್ತಿಗೆ ಪ್ಯಾಕಿಂಗಿನ ಟೇಪಣ್ಣ ಬಂದ. ಸದಾ ಬಳೆಯಂತೆ ಮಣಿಕಟ್ಟಿಗೆ ಅಂಟುಟೇಪಿನ ಸುರುಳಿ ಹಾಕಿಕೊಂಡಿರುವ ಆಸಾಮಿ. ಇವತ್ತು ಅವನ ದನಿಯೂ ಮೆತ್ತಗಿತ್ತು.

“ಅಣ್ಣ, ಸಾಹೇಬ್ರು ನಿಮ್ಮನ್ನ ಮನೆಗೆ ಬಿಟ್ಟುಬಾ ಅಂದ್ರು. ಸಂಜೆಗೆ ಏನು ಮಾಡಬೇಕೋ ನೋಡ್ಕೊಳ್ಲಿ ಅಂದ್ರು.”

ಲೇಬಲ್ಲಪ್ಪ ಮಹಡಿಯ ಕಡೆ ತಿರುಗಿ ಕೈ ಮುಗಿದ. ಪರೀಕ್ಷೆಗೆ ಓದಿಕೊಳ್ಳಲೆಂದು ಕೇಳದೆಯೇ ರಜೆ ಕೊಟ್ಟ ದೊಡ್ಡ ಮನಸ್ಸು. ಕುರ್ಚಿ ಅರ್ಧ ಕೈಗೆ ಬಂದ ಹಾಗೆಯೇ ಎಂದುಕೊಂಡ. ಚಿಕ್ಕ ಪೆಟ್ಟಿಗೆಯೊಂದನ್ನು ಎತ್ತಲು ಬಗ್ಗಿದರೆ ಟೇಪಣ್ಣ ಹಾರಿ ಬಂದು ಕಸಿದುಕೊಂಡ. ದಾರಿಯುದ್ದಕ್ಕೂ ತೋಳು ಹಿಡಿದು, ಹಳ್ಳ ಬಂದಲ್ಲೆಲ್ಲ ನಿಧಾನ, ನಿಧಾನ ಎನ್ನುತ್ತ, ಗಾಜಿನ ಸಾಮಾನು ಸಾಗಿಸುವಂತೆ ಮನೆ ಮುಟ್ಟಿಸಿದ.

ಬಾಗಿಲಲ್ಲಿ ಟೇಪಣ್ಣ ಹೆಂಡತಿಯ ಕಿವಿಯಲ್ಲಿ ಏನು ಉಸುರಿದನೋ, ಲೇಬಲ್ಲಪ್ಪ ಚಪ್ಪಲಿ ಬಿಚ್ಚುವಷ್ಟರಲ್ಲಿ ಆಕೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಟೈಲರಮ್ಮ ಅಳತೆಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಮೇಲೆ ಬಂದಿದ್ದಳು. ಬೆಳಿಗ್ಗೆ ವೈನ್ ವೈನ್ ಎಂದು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ, ಇದು ಲಿವರೇ ಎಂದು ಆಕೆಯ ವಾದ. ಲಿವರಾದರೂ ಸರಿ, ಗ್ಯಾಸಾದರೂ ಸರಿ, ಮೊದಲು ಒಳಗಿರುವುದು ಹೊರಗೆ ಬರಬೇಕು ಎಂದು ಅತ್ತೆಯ ತೀರ್ಪು. ಏನೂ ಆಗಿಲ್ಲ ಎಂದು ಲೇಬಲ್ಲಪ್ಪ ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏನೂ ಆಗದವರು ಬಚ್ಚಲಲ್ಲಿ ಯಾಕೆ ನರಳಿದಿರಿ ಎಂದರೆ, ಪರೀಕ್ಷೆಯ ಗುಟ್ಟು ಬಿಡದೆ ಏನೆಂದು ಹೇಳಿಯಾನು?

“ಬಾಯಿ ತೆಗೀರಿ ಅಳಿಯಂದ್ರೆ,” ಎಂದರು ಅತ್ತೆ. “ನಿಮ್ಮ ಮಾವನೂ ಹೀಗೇ ಹಠ ಮಾಡೋರು. ಕೊನೆಗೆ ಕುಡಿದ್ರು.”

ಕೊನೆಗೆ ಕುಡಿದ. ಒಂದು ಚಮಚವಲ್ಲ, ಒಂದು ಲೋಟ.

ಹೊತ್ತು ಇಳಿದಂತೆ ಅವನ ಚಡಪಡಿಕೆ ಏರಿತು. ಕೂತರೆ ಏಳಬೇಕು, ಎದ್ದರೆ ಗಡಿಯಾರ ನೋಡಬೇಕು. ತರಗತಿಯ ಹೊತ್ತು ಹತ್ತಿರ ಬಂದಾಗ, ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆ ಎಂದ. ಹೆಂಡತಿ ತಾನೂ ಬರುತ್ತೇನೆಂದು ಹೊರಟಳು. ಅಲ್ಲಿ ರೋಗಿಯನ್ನು ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಹೇಳಿ ಹೇಗೋ ತಪ್ಪಿಸಿಕೊಂಡ. ಬೀದಿಯ ತಿರುವಿನಲ್ಲಿ ಹೊಟ್ಟೆ ಮೊದಲ ಸಲ ಗುಡುಗಿತು. ಎಂದೋ ಮುಚ್ಚಿದ್ದ ನಲ್ಲಿಗೆ ನೀರು ಬರುವ ಮುಂಚೆ ಗಾಳಿ ನುಗ್ಗುವ ಸದ್ದು. ಕೊಳಾಯಿಯವನಾದ ಅವನಿಗೆ ಅದರ ಹಿಂದೆ ಏನು ಬರುತ್ತಿದೆ ಎಂದು ಬೇರೆಯವರು ಹೇಳಬೇಕಾಗಿರಲಿಲ್ಲ.

ತರಗತಿಯಲ್ಲಿ ಅವನ ಸರದಿ ಕೊನೆಯದು. ಮುಂದಿನವರೆಲ್ಲ ಸಾವಕಾಶವಾಗಿ ನರಳುತ್ತಿದ್ದರು. ಬಸ್ ಕಂಡಕ್ಟರೊಬ್ಬ ಗ್ರಂಟನ್ನು ಮೂರು ಥರ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ. ಲೇಬಲ್ಲಪ್ಪ ಕಾಲಿನ ಮೇಲೆ ಕಾಲು ಹಾಕಿ, ಆ ಕಾಲನ್ನು ಕೈಯಲ್ಲಿ ಹಿಡಿದು, ಬೆವರುತ್ತ ಕೂತಿದ್ದ. ಟೀಚರಮ್ಮ ಕರೆದಾಗ ಹಗ್ಗದ ಮೇಲೆ ನಡೆಯುವವನಂತೆ ಹೋಗಿ ಚೀಟಿ ಎತ್ತಿದ. ಮೋನ್.

ಗೊತ್ತಿದ್ದ ಪದವೇ. ಬಾಯಿ ಮುಚ್ಚಿ, ಉದ್ದಕ್ಕೆ, ಸಣ್ಣಗೆ. ಆದರೆ ಎಷ್ಟೇ ಸಣ್ಣಗೆ ನರಳಿದರೂ ಒಂದಿಷ್ಟು ಬಿಗಿ ಸಡಿಲಿಸಲೇಬೇಕು, ಈ ಗಳಿಗೆಯಲ್ಲಿ ದೇಹದ ಯಾವ ಭಾಗವನ್ನು ಸಡಿಲಿಸುವುದೂ ಕ್ಷೇಮವಲ್ಲ. ತುಟಿ ಕಚ್ಚಿ, ಮುಷ್ಟಿ ಹಿಡಿದು, ಕಣ್ಣು ಮೇಲೆ ಮಾಡಿ ಕಂಬದಂತೆ ನಿಂತ. ತರಗತಿ ಕಾಯಿತು.

“ಚೀಟಿಯಲ್ಲಿರೋದು ಮೋನ್ ರೀ,” ಎಂದಳು ಟೀಚರಮ್ಮ. “ನೀವು ಮಾಡ್ತಿರೋದು ಮೌನ.”

ಎಲ್ಲರೂ ನಕ್ಕರು. ಮೂರನೆಯ ಸಲವೂ ಹೋಯಿತು, ಕುರ್ಚಿಯೂ ಹೋಯಿತು ಎಂದು ಅವನಿಗೆ ಕಣ್ಣು ತುಂಬಿ ಬಂತು. ನಗು ನಿಂತ ಮರುಕ್ಷಣ, ಅವನ ಅಪ್ಪಣೆಯಿಲ್ಲದೆ, ಹೊಟ್ಟೆಯ ಆಳದಿಂದ ಒಂದು ಸದ್ದು ಹೊರಟಿತು. ಸಣ್ಣಗೆ ಶುರುವಾಗಿ, ತಿರುವು ತಿರುವಿನಲ್ಲೂ ನಿಂತು, ಯಾರೋ ದಿಕ್ಕಿಲ್ಲದವರು ದೂರದಲ್ಲಿ ಗೋಳಿಡುವ ಹಾಗೆ ಉದ್ದಕ್ಕೆ ಹರಿದು, ಅಲ್ಲೇ ಎಲ್ಲೋ ಕರಗಿಹೋಯಿತು. ತುಟಿ ಮಾತ್ರ ಹೊಲಿದ ಹಾಗೆಯೇ ಇತ್ತು.

ಟೀಚರಮ್ಮ ಕನ್ನಡಕ ತೆಗೆದಳು. ಇಷ್ಟು ವರ್ಷದಲ್ಲಿ ಇಂಥ ಮೋನನ್ನು ಕೇಳಿರಲಿಲ್ಲ, ಬಾಯಿ ಇಷ್ಟೂ ಅಲುಗದೆ, ಸದ್ದು ಒಳಗಿನಿಂದಲೇ ಬರಬೇಕು ಎಂದು ತಾನು ಹೇಳುತ್ತಿದ್ದದ್ದು ಇದನ್ನೇ ಎಂದು ತರಗತಿಗೆ ವಿವರಿಸತೊಡಗಿದಳು. ಪಾಸು ಎಂಬ ಮಾತೊಂದು ಕಿವಿಗೆ ಬಿದ್ದದ್ದೇ ತಡ, ಲೇಬಲ್ಲಪ್ಪ ಹೊರಗೆ ಓಡಿದ. ವಿನಯದಿಂದ ಹೊಗಳಿಕೆಯನ್ನೂ ಕೇಳದೆ ಹೋದ ಎಂದು ಆಕೆ ಅದನ್ನೂ ಮೆಚ್ಚಿಕೊಂಡಳಂತೆ.

ತರಗತಿಯ ಹಿತ್ತಲಿನ ಪಾಯಿಖಾನೆಯಲ್ಲಿ ಗ್ರೋನ್, ಗ್ರಂಟ್, ಗ್ಯಾಸ್ಪ್ ಎಲ್ಲವನ್ನೂ ಒಂದೊಂದಾಗಿ ಪುನರಾವರ್ತನೆ ಮಾಡಿ ಮುಗಿಸಿ, ಹಗುರಾದ ಹೊಟ್ಟೆ, ಅದಕ್ಕಿಂತ ಹಗುರಾದ ಮನಸ್ಸು ಹೊತ್ತು ಅವನು ಮನೆಗೆ ಬಂದ. ಇನ್ನು ಮುಚ್ಚಿಡುವುದೇನಿದೆ, ಗೆದ್ದವನು ಎಲ್ಲವನ್ನೂ ಹೇಳಬಹುದು. ಬಾಗಿಲು ತಳ್ಳಿದವನೇ, “ಪಾಸಾಯ್ತು” ಎಂದ.

“ನಾನು ಹೇಳ್ಲಿಲ್ವೇ,” ಎಂದರು ಅತ್ತೆ, ಬಾಟಲಿಯ ಕಡೆ ಹೆಮ್ಮೆಯಿಂದ ನೋಡಿ.

ಆಗ ಕಂಡರು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಮ್ಯಾನೇಜರು. ಮಡಿಲಲ್ಲಿ ಹಣ್ಣಿನ ಪೊಟ್ಟಣ. ಒಂದು ಪಕ್ಕದಲ್ಲಿ ತಲೆ ತಗ್ಗಿಸಿದ ಟೇಪಣ್ಣ, ಇನ್ನೊಂದು ಪಕ್ಕದಲ್ಲಿ ತಲೆ ಆಡಿಸುತ್ತಿದ್ದ ಟೈಲರಮ್ಮ.

“ಬನ್ನಿ, ಕೂತ್ಕೊಳ್ಳಿ,” ಎಂದರು ಮ್ಯಾನೇಜರು. “ನಿಮ್ಮಿಂದ ಮುಚ್ಚಿಡೋದು ಸರಿಯಲ್ಲ. ಮೇಲಿನ ಕುರ್ಚಿ ನಿಮಗೇ ಅಂತ ನಿನ್ನೇನೇ ತೀರ್ಮಾನ ಆಗಿತ್ತು. ಅದನ್ನ ಹೇಳೋಕೇ ಬೆಳಿಗ್ಗೆ ಇಳಿದು ಬಂದೆ. ಬಂದ್ರೆ ನೀವು ಪೈಪು ತಬ್ಕೊಂಡು ನರಳ್ತಿದ್ರಿ. ಹೊಟ್ಟೇಲಿ ಗಡ್ಡೆ ಬೆಳೆದಿದೆ, ದಿನಾ ದೊಡ್ಡದಾಗ್ತಿದೆ ಅಂತ ನೀವೇ ಹೇಳಿದ್ರಿ. ಅಂಥೋರನ್ನ ದಿನಾ ಅಷ್ಟು ಮೆಟ್ಟಿಲು ಹತ್ತಿಸೋಕೆ ನನಗೆ ಮನಸ್ಸು ಬರಲಿಲ್ಲ. ಮಧ್ಯಾಹ್ನ ಟೇಪಣ್ಣನ ಹೆಸರು ಹೇಳಿಬಿಟ್ಟೆ.”

ಲೇಬಲ್ಲಪ್ಪನಿಗೆ ಕೋಣೆ ತಿರುಗುವ ಕುರ್ಚಿಯ ಹಾಗೆ ಒಂದು ಸುತ್ತು ತಿರುಗಿತು. ಟೇಪಣ್ಣನಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ಹೇಗೋ ತೊದಲಿದ.

“ಇಂಗ್ಲಿಷ್ ಯಾಕ್ರೀ ಅಲ್ಲಿ? ಫೋನ್ ಮಾಡೋರೆಲ್ಲ ನಮ್ಮ ಪ್ಲಂಬರುಗಳೇ.”

ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದು ಅವನು ಬಾಯಿ ತೆರೆದ. ತನಗೆ ಏನೂ ಆಗಿಲ್ಲ, ಅದು ಬರೀ ಅಭ್ಯಾಸ ಎಂದು. ಅಷ್ಟರಲ್ಲಿ ಮ್ಯಾನೇಜರು ಮಾತು ಮುಂದುವರಿಸಿದರು. ಕೆಲಸದ ಹೊತ್ತಿನಲ್ಲಿ ಸುಮ್ಮಸುಮ್ಮನೆ ನರಳುವ ನಾಟಕದವರನ್ನು ತಾನು ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದುಂಟು, ಆದರೆ ನೀವು ಅಂಥವರಲ್ಲ, ಆದ್ದರಿಂದ ಕೆಳಗಿನ ಕೆಲಸ ಇದ್ದೇ ಇರುತ್ತದೆ ಎಂದರು. ತೆರೆದ ಬಾಯಿ ಮ್ಯಾನೇಜರಿಂದ ಹೆಂಡತಿಯ ಕಡೆ ತಿರುಗಿತು.

ಆಕೆ ಹತ್ತಿರ ಬಂದು ಅವನ ಕೈ ಹಿಡಿದಳು. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅಷ್ಟು ಮೃದುವಾಗಿ ಎಂದೂ ಹಿಡಿದಿರಲಿಲ್ಲ.

“ಸಾಹೇಬ್ರು ಎಲ್ಲಾ ಹೇಳಿದ್ರು. ಸಂಜೆ ಪರಿಶೀಲನೆ ಅನ್ನೋದೇ ಇಲ್ವಂತೆ. ಇಷ್ಟು ದಿನ ನಮಗೆ ಗೊತ್ತಾಗಬಾರದು ಅಂತ ಒಬ್ಬರೇ ಆಸ್ಪತ್ರೆಗೆ ಓಡಾಡ್ತಿದ್ರಾ? ನಿಮ್ಮ ಮೇಲೆ ನಾನು ಏನೇನೋ ಅನುಮಾನ ಪಟ್ಟಿದ್ದೆ. ನನಗೆ ಸುಳ್ಳು ಹೇಳೋರನ್ನ ಕಂಡ್ರೆ ಆಗೋಲ್ಲ ಅಂತ ನಿಮಗೆ ಗೊತ್ತಲ್ಲ.”

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಲೇಬಲ್ಲಪ್ಪನ ಒಳಗಿನಿಂದ ಒಂದು ಸದ್ದು ಎದ್ದಿತು. ಯಾವ ಕಪಾಟಿಗೆ ಸೇರಿದ್ದು ಎಂದು ಅಭ್ಯಾಸಬಲದಿಂದ ಹುಡುಕಿದ. ಗ್ರೋನಿನಲ್ಲಿ ಹಿಡಿಸಲಿಲ್ಲ, ಗ್ರಂಟಿನಲ್ಲಿ ಕೂರಲಿಲ್ಲ, ಮೂರು ಸಲ ಓದಿದ ಇಂಗ್ಲಿಷಿನಲ್ಲಿ ಅದಕ್ಕೊಂದು ಚೀಟಿ ಇರಲಿಲ್ಲ. ಕೊನೆಗೆ ಅದು ಹಳೆಯ ಗೋಣಿಚೀಲದಿಂದಲೇ ಉದುರಿತು.

“ಅಯ್ಯೋ,” ಎಂದ.

“ಇನ್ನೂ ಸ್ವಲ್ಪ ಒಳಗೇ ಉಳಿದಿದೆ ಕಣೇ,” ಎನ್ನುತ್ತ ಅತ್ತೆ ಎದ್ದರು. ಬಾಟಲಿಯಲ್ಲಿ ಇನ್ನೂ ಅರ್ಧ ಇತ್ತು.