ಸಿಸ್ಟರ್ ಥ್ವೈಟ್ ಅವರ ಬೈಕಿಗೆ ಸರ್ವಾನುಮತದ ಟೈಮಿಂಗ್

ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನಿನಲ್ಲಿ ಕಿಡಿ ಯಾವಾಗ ಹಾರಬೇಕು ಎಂಬುದು ಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸತಕ್ಕ ವಿಷಯ. ಯಾರ್ಕ್‌ಶೈರಿನ ನಮ್ಮ ಕೆಲ್ಡರ್‌ಡೇಲ್ ಕಣಿವೆಯ ಪುರಾತನ ಮೋಟಾರ್ ಸೈಕಲ್ ಸಂಘದ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿದೆ. ಎಂಜಿನ್ನಿನ ಅಭಿಪ್ರಾಯವನ್ನೂ ಕೇಳತಕ್ಕದ್ದು ಎಂದು ಅದರಲ್ಲಿ ಎಲ್ಲೂ ಹೇಳಿಲ್ಲ.

ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. (ಗೊತ್ತಿರುವವರೂ ಓದಬಹುದು, ನನಗೆ ಹೇಳುವುದರಲ್ಲಿ ಬೇಸರವಿಲ್ಲ.) ಈ ಹಳೆಯ ಬೈಕುಗಳಲ್ಲಿ ಪಾಯಿಂಟ್ ಎಂದು ಎರಡು ಪುಟ್ಟ ಲೋಹದ ತುಟಿಗಳಿರುತ್ತವೆ. ಅವು ಮುಚ್ಚಿದ್ದು ತೆರೆದ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನು ಮೇಲಿನ ತುದಿ ಮುಟ್ಟುವುದಕ್ಕೆ ತುಸು ಮೊದಲು ಇದು ನಡೆಯಬೇಕು. ತೆರೆಯಿತೋ ಇಲ್ಲವೋ ಎಂದು ತಿಳಿಯಲು ನಮ್ಮಲ್ಲಿ ಒಂದು ಪದ್ಧತಿ ಇದೆ: ಸಿಗರೇಟು ಸುತ್ತುವ ತೆಳು ಕಾಗದವನ್ನು ಆ ತುಟಿಗಳ ನಡುವೆ ಇಟ್ಟು, ಹಗುರವಾಗಿ ಜಗ್ಗುತ್ತಾ ಎಂಜಿನ್ ತಿರುಗಿಸುವುದು. ಕಾಗದ ಸಡಿಲವಾಗಿ ಕೈಗೆ ಬಂತೆಂದರೆ ಅದೇ ಮುಹೂರ್ತ. ಪಾಯಿಂಟ್ ಕೂತಿರುವ ಪ್ಲೇಟನ್ನು ಆಚೀಚೆ ಸರಿಸಿದರೆ ಮುಹೂರ್ತವೂ ಆಚೀಚೆ ಸರಿಯುತ್ತದೆ. ಟೈಮಿಂಗ್ ಎನ್ನುವುದು ಇದಕ್ಕೇ.

ಈಗ ಸಿಸ್ಟರ್ ಥ್ವೈಟ್ ಅವರ ವಿಷಯ. ಎನಿಡ್ ಥ್ವೈಟ್ ಅವರಿಗೆ ಎಂಬತ್ತು ದಾಟಿದೆ. ಕಣಿವೆಯ ಸರ್ಕಾರಿ ಸೂಲಗಿತ್ತಿಯಾಗಿ, ಹಸಿರು ಬಣ್ಣದ ಪುಟ್ಟ ಟೂ-ಸ್ಟ್ರೋಕ್ ಹೆದರ್‌ಬೀ ಬೈಕಿನಲ್ಲಿ ಓಡಾಡಿ, ಸಂಘದ ಹೆಚ್ಚಿನ ಸದಸ್ಯರನ್ನು ಭೂಮಿಗೆ ತಂದವರು ಅವರೇ. ನಿವೃತ್ತಿಯಾದಾಗ, ಬೈಕು ಸರ್ಕಾರದ ಆಸ್ತಿ ಎಂದು ಜಿಲ್ಲಾ ಕೌನ್ಸಿಲ್ಲಿನವರು ನೆನಪಿಸಿದರು. ಆದರೂ ದಯೆ ತೋರಿ ಒಂದು ನಿಯಮ ಮಾಡಿದರು: ಪ್ರತಿ ವರ್ಷ, ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ವಿಟ್ಸನ್ ಹಬ್ಬದ ಸೋಮವಾರ, ಸಿಸ್ಟರ್ ಮೇಲೆ ಕೂತಿರುವಾಗ, ಬೈಕು ಸ್ವಂತ ಎಂಜಿನ್ ಬಲದಿಂದ ಸ್ಕಾರೋ ದಿಬ್ಬದ ನೆತ್ತಿ ಮುಟ್ಟಿದರೆ ಅದು ‘ಸೇವೆಯಲ್ಲಿದೆ’ ಎಂದು ಭಾವಿಸಿ ಅವರ ಬಳಿಯೇ ಬಿಡತಕ್ಕದ್ದು. ಮುಟ್ಟದ ವರ್ಷ ಅದನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಸೇರಿಸತಕ್ಕದ್ದು.

“ಮೇಲೆ ಒಂದು ಮೇಣದ ನರ್ಸನ್ನ ಕೂರಿಸ್ತಾರಂತೆ. ಬೊಂಬೆ ಈಗಾಗ್ಲೇ ತಯಾರಿದೆ, ನೋಡ್ಕೊಂಡು ಬಂದೆ,” ಎಂದರು ಸಿಸ್ಟರ್. “ನನಗಿಂತ ದಪ್ಪ ಇದೆ. ನಾನು ಬದುಕಿರೋವರೆಗೂ ಅವಳು ನನ್ನ ಗಾಡಿ ಹತ್ತಕೂಡದು.”

ಈ ವರ್ಷ ಬೈಕಿನ ಪಾಯಿಂಟು ಸವೆದು, ಹೊಸದು ಹಾಕಿ, ಟೈಮಿಂಗನ್ನು ಮೊದಲಿನಿಂದ ಕೂರಿಸಬೇಕಾಯಿತು. ಹಬ್ಬದ ಭಾನುವಾರ ಚರ್ಚಿನ ಸಭಾಂಗಣದಲ್ಲಿ ಸಮಿತಿ ಸೇರಿತು. ಬೈಕು ಪಕ್ಕದ ಕತ್ತಲೆ ಕೊಟ್ಟಿಗೆಯಲ್ಲಿತ್ತು.

ಮೊದಲ ಅಡಚಣೆ ಕಾಗದದ್ದು. ಸಭಾಂಗಣದ ಆವರಣದಲ್ಲಿ ಧೂಮಪಾನದ ಸಾಮಗ್ರಿಗೆ ನಿಷೇಧವಿದೆ.

“ಸೇದೋದಿಲ್ಲವಲ್ಲ ಸ್ವಾಮಿ, ಪಾಯಿಂಟಿಗೆ ಇಡೋದು,” ಎಂದ ನಮ್ಮ ಅಧ್ಯಕ್ಷ ಸೆಲ್ವಿನ್ ಮೆಟ್ಕಾಫ್. ಊರಿನ ಮಾಂಸದಂಗಡಿ ಅವನದೇ.

“ಇವತ್ತು ಪಾಯಿಂಟಿಗೆ, ನಾಳೆ ಬಾಯಿಗೆ,” ಎಂದರು ಪಾದ್ರಿ ಓಗಲ್. ಹಾಗೆಂದವರೇ ಒಳಗೆ ಹೋಗಿ ಹಳೆಯ ಪ್ರಾರ್ಥನಾ ಪುಸ್ತಕ ತಂದರು. ಅದರ ಹಾಳೆಯೂ ಅಷ್ಟೇ ತೆಳು. ಯಾವ ಪುಟ ಹರಿಯಬೇಕೆಂಬ ಚರ್ಚೆ ಎದ್ದು, ಮದುವೆಯ ಪುಟವೋ ಶವಸಂಸ್ಕಾರದ ಪುಟವೋ ಎಂಬಲ್ಲಿಗೆ ಬಂದು ನಿಂತಿತು. ಶವಸಂಸ್ಕಾರವೇ ಗೆದ್ದಿತು, ಆ ವಿಧಿ ಮಾಡಿಸಿಕೊಂಡವರು ಯಾರೂ ಈವರೆಗೆ ದೂರು ಕೊಟ್ಟಿರಲಿಲ್ಲ.

ಎರಡನೆಯದು ಅಳತೆಯ ಪ್ರಶ್ನೆ. ಪಿಸ್ಟನ್ನು ತುದಿಗಿಂತ ಎಷ್ಟು ಕೆಳಗಿರುವಾಗ ಕಿಡಿ ಹಾರಬೇಕು? ಕಂಪನಿಯ ಕೈಪಿಡಿಯಲ್ಲಿ ಅಚ್ಚಾಗಿತ್ತು. ಸೆಲ್ವಿನ್ ಅದನ್ನು ಓದಿದ.

“ಬಹಳ ಕುತೂಹಲಕರವಾಗಿದೆ,” ಎಂದ ದಂತವೈದ್ಯ ಕ್ಲಿಫರ್ಡ್ ಆಲ್ಡರ್ಸನ್. ನಮ್ಮ ಕಣಿವೆಯಲ್ಲಿ ಇದಕ್ಕೆ ‘ಶುದ್ಧ ಅವಿವೇಕ’ ಎಂದು ಅರ್ಥ.

“ಡಾಕ್ಟ್ರಿಗೆ ಬೇರೆ ಅಭಿಪ್ರಾಯ ಇದ್ರೆ ಹೇಳ್ಬಹುದು.”

“ಛೆ ಛೆ, ಇಲ್ಲಪ್ಪ. ಅಧ್ಯಕ್ಷರು ಹೇಳಿದ ಮೇಲೆ ಮುಗೀತು.”

ಸರ್ವಾನುಮತದಿಂದ ಅಂಗೀಕಾರವಾಯಿತು. ಎಲ್ಲರೂ ಕೊಟ್ಟಿಗೆಗೆ ಹೋದೆವು. ಪಾದ್ರಿಗಳು ಶವಸಂಸ್ಕಾರದ ಚೂರನ್ನು ಪಾಯಿಂಟಿನ ನಡುವೆ ಇಟ್ಟು ಜಗ್ಗಿದರು, ಸೆಲ್ವಿನ್ ಚಕ್ರ ತಿರುಗಿಸಿದ, ಕ್ಲಿಫರ್ಡ್ ಸ್ಕ್ರೂ ಬಿಗಿದ. ಕೈಪಿಡಿಯ ಮಾತು ಕೂದಲೆಳೆಯಷ್ಟೂ ತಪ್ಪಲಿಲ್ಲ.

ಸಿಸ್ಟರ್ ಕನ್ನಡಕ ಏರಿಸಿ ನೋಡಿದರು. “ಚೆನ್ನಾಗಿದೆ ಮಕ್ಕಳಾ. ಇನ್ನು ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ.” ಹಾಗೆಂದು ಮನೆಗೆ ಹೋದರು.

ಬಳಿಕ ಚಹಾ ವಿರಾಮ.

ಇಲ್ಲೊಂದು ತಾಂತ್ರಿಕ ಅಂಶವನ್ನು ದಾಖಲಿಸಬೇಕು. ಕೈಪಿಡಿ ಬರೆದದ್ದು ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ, ಆ ಕಾಲದ ಕಳಪೆ ಪೆಟ್ರೋಲಿಗೆ. ಈಗಿನ ಪೆಟ್ರೋಲಿಗೆ ಕಿಡಿ ತುಸು ಮುಂಚೆ ಹಾರಿದರೆ ದಿಬ್ಬ ಹತ್ತಲು ಒಳ್ಳೆಯದು. ಈ ರಹಸ್ಯ ಸಮಿತಿಯ ಪ್ರತಿಯೊಬ್ಬ ಸದಸ್ಯನಿಗೂ ಗೊತ್ತಿತ್ತು. ತನ್ನೊಬ್ಬನಿಗೇ ಗೊತ್ತಿದೆ ಎಂಬುದೂ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆದರೆ ಸಭೆಯಲ್ಲಿ ಎದ್ದು ನಿಂತು ಇನ್ನೊಬ್ಬರ ಮಾತು ತಪ್ಪು ಎನ್ನುವಷ್ಟು ಅಸಭ್ಯರು ನಮ್ಮಲ್ಲಿ ಯಾರೂ ಇಲ್ಲ.

ಮೊದಲು ಎದ್ದವನು ಸೆಲ್ವಿನ್. “ನಾಯಿ ಕಟ್ಟಿದೀನೋ ಇಲ್ವೋ ನೋಡ್ಬೇಕು.” ಅವನಿಗೆ ನಾಯಿಯಿಲ್ಲ. ನಾನು ಸಂಘದ ಉಪಕಾರ್ಯದರ್ಶಿ. ಟಾರ್ಚ್ ಹಿಡಿಯುವುದು ಉಪಕಾರ್ಯದರ್ಶಿಯ ಕರ್ತವ್ಯ, ಗೋಪ್ಯ ಕಾಪಾಡುವುದೂ ಅವನದೇ ಕರ್ತವ್ಯ. ಹಿಂದೆಯೇ ಹೋದೆ.

“ಒಂದು ಕೂದಲೆಳೆ ಅಷ್ಟೇ,” ಎಂದು ಪಿಸುಗುಟ್ಟಿದ ಸೆಲ್ವಿನ್, ಪ್ಲೇಟನ್ನು ಸರಿಸುತ್ತಾ. “ಮುದುಕಿಗೋಸ್ಕರ. ಕ್ಲಿಫರ್ಡನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ.”

ಅವನು ಒಳಗೆ ಬಂದದ್ದೇ ಕ್ಲಿಫರ್ಡ್ ಎದ್ದ. ಹಾಲು ತರಬೇಕಂತೆ. “ಒಂದೇ ಒಂದು ಕೂದಲೆಳೆ,” ಎಂದ. “ಸೆಲ್ವಿನ್ನಿಗೆ ಗೊತ್ತಾಗೋದು ಬೇಡ. ಪಾಪ, ಮಾಂಸ ಕಡಿಯೋನು, ಅವನಿಗೆ ನಾಜೂಕು ಎಲ್ಲಿಂದ ಬರ್ಬೇಕು?” ಆಮೇಲೆ ಮಿಕ್ಕವರೂ ಒಬ್ಬೊಬ್ಬರಾಗಿ, ಮೋಡ ನೋಡಲು, ಕೊಡೆ ಹುಡುಕಲು, ಗಾಳಿ ಕುಡಿಯಲು ಹೊರಟರು. ಎಲ್ಲರೂ ತಂತಮ್ಮ ಕೂದಲೆಳೆ ಸಲ್ಲಿಸಿದರು. ಕಡೆಯವರು ಪಾದ್ರಿಗಳು. ಅವರ ಪಾಲಿಗೆ ಪ್ಲೇಟು ಸರಿಯಲು ಇನ್ನೇನೂ ಜಾಗ ಉಳಿದಿರಲಿಲ್ಲ. ಮೇಲೆ ನೋಡಿ ಕಣ್ಣು ಮುಚ್ಚಿ ಒಂದು ಕ್ಷಣ ನಿಂತರು. ಆಮೇಲೆ ಅರ ತಂದು ಜಾಗ ಮಾಡಿಕೊಂಡರು.

ಸೋಮವಾರ ಬೆಳಿಗ್ಗೆ ದಿಬ್ಬದ ಬುಡದಲ್ಲಿ ಊರೇ ನೆರೆದಿತ್ತು. ಕೌನ್ಸಿಲ್ಲಿನ ಪಾರಂಪರಿಕ ವಸ್ತುಗಳ ಅಧಿಕಾರಿ ಡೆಸ್ಮಂಡ್ ಫೆದರ್‌ಸ್ಟೋನ್ ವ್ಯಾನು ತಂದಿದ್ದರು. ಒಳಗೆ ಹಗ್ಗ, ಕಂಬಳಿ ಎಲ್ಲ ಸಿದ್ಧವಾಗಿತ್ತು.

ಸಿಸ್ಟರ್ ಕಿಕ್ ಹೊಡೆದರು. ಎಂಜಿನ್ ಒಮ್ಮೆ ಸಿಡಿದು, ಅವರ ಕಾಲನ್ನು ಒದ್ದು, ಆಮೇಲೆ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಗೇರು ಹಾಕಿದರು. ಕ್ಲಚ್ಚು ಬಿಟ್ಟರು. ಬೈಕು ಹಿಂದಕ್ಕೆ ಹೊರಟು ಚರ್ಚಿನ ಮಹಿಳಾ ಮಂಡಳಿಯ ಕೇಕಿನ ಮೇಜನ್ನು ದಾಟಿಕೊಂಡು ಹೋಗಿ ಬೇಲಿಯಲ್ಲಿ ನಿಂತಿತು.

ಕಿಡಿ ವಿಪರೀತ ಮುಂಚೆ ಹಾರಿದರೆ ಮೇಲೇರುತ್ತಿರುವ ಪಿಸ್ಟನ್ನು ಅರ್ಧದಾರಿಯಲ್ಲೇ ಒದೆ ತಿಂದು ಹಿಂದಿರುಗುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಯಾವ ದಿಕ್ಕಾದರೂ ಒಂದೇ. ಹಿಂದುಮುಂದಾಗಿಯೂ ಸುಖವಾಗಿ ತಿರುಗುತ್ತಿರುತ್ತದೆ.

ಸಿಸ್ಟರ್ ಕೂದಲಿನಿಂದ ಕ್ರೀಮು ತೆಗೆಯುತ್ತಾ ಕೇಳಿದರು: “ಯಾರ್ರೋ ಮುಟ್ಟಿದ್ದು?”

“ಇವತ್ತು ಬಿಸಿಲು ಬರೋ ಹಾಗಿದೆ,” ಎಂದ ಸೆಲ್ವಿನ್.

“ಸಂಜೆಗೆ ಒಂದು ಹನಿ ಬೀಳಬಹುದು,” ಎಂದ ಕ್ಲಿಫರ್ಡ್.

“ಟೈಮಿಂಗ್ ತಪ್ಪಿದೆ ಅಂತ ಒಬ್ಬನಾದ್ರೂ ಬಾಯಿ ಬಿಡಿ. ಸರಿ ಮಾಡ್ಕೊಂಡು ಹೋಗ್ತೀನಿ.”

ಯಾರು ಹೇಳುತ್ತಾರೆ? ತಪ್ಪಿದೆ ಎಂದರೆ ಸರ್ವಾನುಮತದ ತೀರ್ಮಾನವನ್ನು ಯಾರೋ ಉಲ್ಲಂಘಿಸಿದ್ದಾರೆ ಎಂದಾಯಿತು. ಪಕ್ಕದಲ್ಲೇ ನಿಂತ ಸ್ನೇಹಿತನ ಮೇಲೆ ಅಂಥ ಅನುಮಾನವೇ? ಸಮಿತಿ ಅಲ್ಲೇ ಬೇಲಿಯ ಬಳಿ ತುರ್ತು ಸಭೆ ಸೇರಿತು. ಸೆಲ್ವಿನ್ ಟೋಪಿ ತೆಗೆದು ಪ್ರಕಟಿಸಿದ: “ಟೈಮಿಂಗ್ ಸರಿಯಾಗಿಯೇ ಇರುತ್ತದೆ. ಬೈಕಿನ ಮುಂಭಾಗ ಯಾವುದು ಎಂಬ ಬಗ್ಗೆ ಸಾರ್ವಜನಿಕರಲ್ಲಿ ಇದುವರೆಗೆ ಇದ್ದ ತಿಳುವಳಿಕೆಯನ್ನು ಈ ಮೂಲಕ ಹಿಂಪಡೆಯಲಾಗಿದೆ.”

ಫೆದರ್‌ಸ್ಟೋನ್ ಗಡಿಯಾರ ನೋಡಿದರು. “ಹನ್ನೆರಡಕ್ಕೆ ನನ್ನ ಊಟ, ಮೇಡಂ. ಅಷ್ಟರೊಳಗೆ ಹತ್ತದಿದ್ರೆ ವ್ಯಾನಿಗೆ ಹಾಕ್ಬೇಕಾಗುತ್ತೆ. ಬೊಂಬೆಗೆ ಬಟ್ಟೆ ಹೊಲಿಸಿಯಾಗಿದೆ.”

ಸಿಸ್ಟರ್ ಒಮ್ಮೆ ವ್ಯಾನು ನೋಡಿದರು, ಒಮ್ಮೆ ದಿಬ್ಬ ನೋಡಿದರು. ಆಮೇಲೆ ಬೈಕಿನ ಬೆನ್ನನ್ನು ದಿಬ್ಬದ ಕಡೆಗೆ ತಿರುಗಿಸಿ ನಿಲ್ಲಿಸಿದರು.

“ಸಿಸ್ಟರ್, ಬೇಡ,” ಎಂದ ಸೆಲ್ವಿನ್. “ಹಿಂದುಹಿಂದಕ್ಕೆ ದಿಬ್ಬ ಹತ್ತೋಕಾಗುತ್ತಾ? ಬಿದ್ರೆ?”

“ಮುಚ್ಚೋ ಬಾಯಿ. ನೀನು ಹುಟ್ಟಿದ್ದು ಹೇಗೆ ಅಂತ ಗೊತ್ತಾ? ತಲೆ ಮೇಲೆ, ಕುಂಡೆ ಮುಂದೆ. ಆವತ್ತು ಹೊರಗೆ ತಂದೆ ತಾನೇ? ಕುಂಡೆ ಮುಂದಾದವರ ಜೊತೆ ಹೇಗೆ ನಡ್ಕೋಬೇಕು ಅಂತ ನನಗೆ ಗೊತ್ತು.”

ಹೆಗಲ ಮೇಲಿಂದ ಆಗಾಗ ಹಿಂದೆ ನೋಡುತ್ತಾ ಹೊರಟೇಬಿಟ್ಟರು. ಮೊದಲ ತಿರುವಿನಲ್ಲಿ ಹಾವಿನ ಹಾಗೆ ಓಲಾಡಿದರು. ಎರಡನೆಯದರಲ್ಲಿ ಕಲ್ಲುಗೋಡೆಗೆ ಮೊಣಕೈ ತರಚಿತು. ನಾವೆಲ್ಲ ಹಿಂದೆ ಓಡಿದೆವು. ಅವರ ಮುಖ ನಮ್ಮ ಕಡೆಗೇ ಇದ್ದುದರಿಂದ ದಾರಿಯುದ್ದಕ್ಕೂ ನಮ್ಮನ್ನು ಬೈಯಲು ಅನುಕೂಲವಾಯಿತು. ಎಂಜಿನ್ ಒಮ್ಮೆಯೂ ಮುಗ್ಗರಿಸಲಿಲ್ಲ. ಹನ್ನೆರಡಕ್ಕೆ ಒಂದಿಷ್ಟು ಮುಂಚೆ ಹಿಂದಿನ ಚಕ್ರ ನೆತ್ತಿ ಮುಟ್ಟಿತು.

ಫೆದರ್‌ಸ್ಟೋನ್ ನಿಯಮವನ್ನು ಮೂರು ಸಲ ಓದಿದರು. ಸ್ವಂತ ಎಂಜಿನ್ ಬಲ, ಇದೆ. ನೆತ್ತಿ, ಮುಟ್ಟಿದೆ. ಸಿಸ್ಟರ್, ಮೇಲಿದ್ದಾರೆ. ಮುಖ ಯಾವ ಕಡೆಗಿರಬೇಕು ಎಂಬುದರ ಬಗ್ಗೆ ನಿಯಮ ಮೌನ. “ಸೇವೆಯಲ್ಲಿದೆ,” ಎಂದು ಸಹಿ ಹಾಕಿ ಊಟಕ್ಕೆ ಹೋದರು. ಸಿಸ್ಟರ್ ಬೈಕಿನ ಟ್ಯಾಂಕಿನ ಮೇಲೆ ಕೆನ್ನೆಯಿಟ್ಟರು. ನಾವು ಹವಾಮಾನದ ಬಗ್ಗೆ ಮಾತಾಡಿದೆವು.

ಆಮೇಲೆ ಎಲ್ಲ ಕ್ರಮಬದ್ಧವಾಗಿಯೇ ನಡೆಯಿತು. ಕೌನ್ಸಿಲ್ಲಿನವರು ಸುರಕ್ಷತೆಯ ದೃಷ್ಟಿಯಿಂದ ಬೈಕಿನ ಹೆಡ್‌ಲೈಟಿಗೆ ಕೆಂಪು ಗಾಜು, ಹಿಂದಿನ ದೀಪಕ್ಕೆ ಬಿಳಿ ಗಾಜು ಹಾಕಿಸಿದರು. ನಮ್ಮ ಸಂಘ ಈ ಟೈಮಿಂಗನ್ನು ಅಧಿಕೃತಗೊಳಿಸಿ, ಸದಸ್ಯರೆಲ್ಲರ ಟೂ-ಸ್ಟ್ರೋಕುಗಳಿಗೂ ಅನ್ವಯಿಸಿತು. ಕುತ್ತಿಗೆ ನೋವಿನವರಿಗೆ ಕ್ಲಿಫರ್ಡ್ ರಿಯಾಯಿತಿ ದರದಲ್ಲಿ ಹಲ್ಲು ನೋಡಿಕೊಡುತ್ತಾನೆ.

ಕಳೆದ ತಿಂಗಳು ಹೊರಗಿನ ಊರಿನವನೊಬ್ಬ ತನ್ನ ಬೈಕನ್ನು ಮೂತಿ ಮುಂದೆ ಮಾಡಿಕೊಂಡು ಸ್ಕಾರೋ ದಿಬ್ಬ ಹತ್ತುತ್ತಿದ್ದ. ನಮ್ಮ ಪೊಲೀಸಿನವರು ಕೈ ಅಡ್ಡ ಹಿಡಿದು, ಮೆಲ್ಲಗೆ, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದರು. ಆತ ಸುತ್ತ ಒಮ್ಮೆ ನೋಡಿದ. ಕ್ಷಮೆ ಕೇಳಿ, ಇಳಿದು, ಬೈಕಿನ ಬೆನ್ನನ್ನು ದಿಬ್ಬದ ಕಡೆಗೆ ತಿರುಗಿಸಿ ತಳ್ಳಿಕೊಂಡು ಹತ್ತಿದ.