ಅಟ್ಲಾಂಟಿಕ್ ಸಾಗರದ ಒಳರಸ್ತೆ

ದಾರಿ ಹೇಳುವುದಕ್ಕೆ ಗಾಡಿ ಓಡಿಸಲು ಬರಬೇಕೆಂದೇನಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ನನಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಆದರೂ ಜಯನಗರದ ನಮ್ಮ ಮನೆಯಿಂದ ಸಿಲ್ಕ್ ಬೋರ್ಡಿನ ಆಚೆಗಿರುವ ನನ್ನ ಆಫೀಸಿಗೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನ ಮುಖ ನೋಡದೆ ತಲುಪುವ ದಾರಿಗಳೆಲ್ಲ ನನಗೆ ಬಾಯಿಪಾಠ. ಆಟೊ ಹತ್ತಿದರೆ ಸಾಕು, "ಅಣ್ಣ, ಇಲ್ಲೇ ಲೆಫ್ಟು, ಆ ಹಾಲಿನ ಬೂತ್ ಹತ್ರ ರೈಟು" ಎನ್ನುತ್ತಾ ಬಿಟಿಎಂ ಲೇಔಟಿನ ಅಡ್ಡರಸ್ತೆಗಳಲ್ಲಿ ತೂರಿಸಿ, ಮಡಿವಾಳದಲ್ಲಿ ಯಾರದೋ ಮನೆಮುಂದಿನ ರಂಗೋಲಿಯನ್ನು ಕೂದಲೆಳೆಯಲ್ಲಿ ತಪ್ಪಿಸಿ ಕರೆದೊಯ್ಯುತ್ತೇನೆ. ಎದುರಿಗೆ ನಾಲ್ಕು ವಾಹನ ಒಟ್ಟಿಗೆ ಕಂಡರೆ ನನ್ನ ಕೈ ತಾನಾಗಿಯೇ ಪಕ್ಕದ ರಸ್ತೆಯ ಕಡೆಗೆ ಏಳುತ್ತದೆ. "ಇದ್ರಿಂದ ಟೈಮ್ ಉಳಿಯುತ್ತೇನ್ರೀ?" ಎಂದು ಹೆಂಡತಿ ಸುಧಾ ಕೇಳುತ್ತಾಳೆ. ಟೈಮಿನ ಮಾತು ಬೇರೆ. ನಿಂತಲ್ಲೇ ನಿಲ್ಲುವ ಅವಮಾನವಂತೂ ತಪ್ಪುತ್ತದೆ.

ಇದೇ ಕಾಯಿಲೆ ವಿಲ್ಸನ್ ಗಾರ್ಡನ್ನಿನಲ್ಲಿರುವ ನನ್ನ ಅಕ್ಕನ ಗಂಡನಿಗೂ ಇದೆ. ಕಣ್ಣಿನ ಆಪರೇಷನ್ ಆದಮೇಲೆ ಭಾವ ಕಾರು ಓಡಿಸುವುದನ್ನು ಬಿಟ್ಟರು, ದಾರಿ ಹೇಳುವುದನ್ನು ಬಿಡಲಿಲ್ಲ. ನೆಂಟರ ಮನೆಯ ಕಾರ್ಯಗಳಿಗೆ ನಾವು ನಾಲ್ವರೂ ನಮ್ಮ ಕಾರಿನಲ್ಲೇ ಹೋಗುವುದು. ಸ್ಟೀರಿಂಗ್ ಸುಧಾಳ ಕೈಯಲ್ಲಿ. ಮುಂದಿನ ಸೀಟಿನಿಂದ ಭಾವ "ನೇರ" ಎನ್ನುತ್ತಾರೆ, ಹಿಂದಿನಿಂದ ನಾನು "ಲೆಫ್ಟು" ಎನ್ನುತ್ತೇನೆ. ಕಳೆದ ಸಲ ಅವಳು ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ, "ಇಬ್ಬರಲ್ಲಿ ಯಾರಾದ್ರೂ ಸರಿ, ಒಬ್ಬರೇ ಹೇಳಿ" ಎಂದಳು. ಅವಳ ಚಿಕ್ಕಪ್ಪನ ಮಗಳು ವಸಂತಪುರದಲ್ಲಿ ಮನೆ ಕಟ್ಟಿಸಿದ್ದಳು, ಗೃಹಪ್ರವೇಶ ಹತ್ತಿರವಿತ್ತು. ಆ ಒಬ್ಬರು ಯಾರೆಂದು ಅಷ್ಟರೊಳಗೆ ತೀರ್ಮಾನವಾಗಬೇಕಿತ್ತು.

ಭಾವ ಫೋನಿನಲ್ಲಿ ಒಂದು ಆಟ ಆಡುತ್ತಿದ್ದರು. ಪೋರ್ಚುಗಲ್ಲಿನಿಂದ ಹೊರಟು ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವ ಪಂದ್ಯ. ದೋಣಿ ಸುಳ್ಳು, ಗಾಳಿ ಮಾತ್ರ ನಿಜ. ಅಲ್ಲಿ ನಿಜವಾಗಿ ಬೀಸಲಿರುವ ಗಾಳಿಯ ಮುನ್ಸೂಚನೆ ಬೆಳಿಗ್ಗೆ ಸಂಜೆ ಬರುತ್ತದೆ. ಅದನ್ನು ನೋಡಿ ನಾವು ದಿಕ್ಕು ಕೊಡಬೇಕು, ನಾವು ಮಲಗಿದ್ದರೂ ದೋಣಿ ಹೋಗುತ್ತಲೇ ಇರುತ್ತದೆ. ಮೊದಲು ದಡ ಸೇರಿದವರು ವಸಂತಪುರಕ್ಕೆ ದಾರಿ ಹೇಳುವುದು, ಸೋತವರು ಕಾರಿನಲ್ಲಿ ತುಟಿ ಬಿಚ್ಚಕೂಡದು ಎಂದು ಒಪ್ಪಂದವಾಗಿ, ನಾನೂ ಆಟಕ್ಕೆ ಸೇರಿದೆ. ಸಮುದ್ರವನ್ನು ಮೊಣಕಾಲಿಗಿಂತ ಮೇಲೆ ಕಾಣದ ನಾನು ಹವಾಮಾನ ಪಂಡಿತನಾದೆ. ಕಾಫಿಗೆ ಮೊದಲೇ ಪೋರ್ಚುಗಲ್ಲಿನ ಗಾಳಿ ನೋಡುತ್ತಿದ್ದೆ. "ರೀ, ಮಳೆ ಬರೋ ಹಾಗಿದೆಯಾ? ಬಟ್ಟೆ ತೆಗೀಲಾ?" ಎಂದು ಸುಧಾ ಕೇಳಿದಾಗ ಫೋನಿನಿಂದ ಕಣ್ಣೆತ್ತದೆ "ಇನ್ನು ಮೂರು ದಿನ ಚಿಂತೆಯಿಲ್ಲ" ಎಂದೆ. ಅಟ್ಲಾಂಟಿಕ್ಕಿನ ಮಟ್ಟಿಗೆ ಅದು ಸರಿಯಾಗಿತ್ತು. ಟೆರೇಸಿನ ಬಟ್ಟೆಗಳನ್ನು ಮಾತ್ರ ಇನ್ನೊಮ್ಮೆ ಹಿಂಡಬೇಕಾಯಿತು.

ಪಂದ್ಯದ ಎರಡನೇ ದಿನ ನಕ್ಷೆ ತೆಗೆದೆ. ಸಾವಿರಾರು ದೋಣಿಗಳು ಒಂದರ ಹಿಂದೆ ಒಂದು ದಕ್ಷಿಣಕ್ಕೆ ತಿರುಗಿ ಒತ್ತೊತ್ತಾಗಿ ಹೊರಟಿದ್ದವು, ಸಂಜೆ ಆರು ಗಂಟೆಯ ಸಿಲ್ಕ್ ಬೋರ್ಡೇ. ಪಶ್ಚಿಮಕ್ಕೆ ನೇರವಾಗಿ ಖಾಲಿ ಸಮುದ್ರ, ಒಂದು ನರಪಿಳ್ಳೆಯಿಲ್ಲ. ನನಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಒಳರಸ್ತೆ ಸಿಕ್ಕಿದ ಸಂತೋಷದಲ್ಲಿ ದೋಣಿಯ ಮೂತಿಯನ್ನು ನೇರ ಗುರಿಯ ಕಡೆಗೆ ತಿರುಗಿಸಿ, ಇಷ್ಟು ಜನರಲ್ಲಿ ಒಬ್ಬನಿಗೂ ತಲೆಯಿಲ್ಲವಲ್ಲ ಎಂದು ಮರುಗುತ್ತಾ ಮಲಗಿದೆ. ಬೆಳಿಗ್ಗೆ ನೋಡಿದರೆ ದೋಣಿ ಹೆಚ್ಚುಕಡಿಮೆ ಅಲ್ಲೇ ಇತ್ತು. ಮರುದಿನವೂ ಅಲ್ಲೇ.

ಭಾವ ಫೋನ್ ಮಾಡಿದರು. "ಅಲ್ಲೇನಯ್ಯ ಮಾಡ್ತಿದೀಯ ಒಬ್ಬನೇ?"

"ಈ ಕಡೆ ಟ್ರಾಫಿಕ್ಕೇ ಇಲ್ಲ ಭಾವ" ಎಂದೆ.

ಅವರು ನಗು ತಡೆಯುತ್ತಾ, "ಈ ಆಟದಲ್ಲಿ ದೋಣಿಗೆ ದೋಣಿ ಅಡ್ಡ ಬರಲ್ಲ ಕಣಯ್ಯ, ಒಂದರ ಮೇಲೊಂದು ಹಾದು ಹೋಗುತ್ತೆ. ಜನ ಆ ಕಡೆ ಹೋಗ್ತಿರೋದು ಗಾಳಿ ಅಲ್ಲಿದೆ ಅಂತ. ನೀನಿರೋ ಕಡೆ ಉಸಿರಾಡೋಕೂ ಗಾಳಿ ಇಲ್ಲ" ಎಂದರು.

ಅವರ ದೋಣಿ ಗೆದ್ದುಕೊಂಡು ಹೋಯಿತು. ನನ್ನದನ್ನು, ಗಾಳಿ ಬಂದಾಗ ಹೋಗಲಿ ಎಂದು ಗುರಿಯ ಕಡೆ ಮುಖಮಾಡಿ ಹಾಗೇ ಬಿಟ್ಟು, ಮತ್ತೆ ಅದರ ತಂಟೆಗೇ ಹೋಗಲಿಲ್ಲ.

ಗೃಹಪ್ರವೇಶದ ದಿನ ಭಾವ ಮುಂದೆ ಕುಳಿತು, ಪದ್ಮನಾಭನಗರದ ಒಳಗಿನಿಂದ ಉತ್ತರಹಳ್ಳಿಗೆ ನುಗ್ಗಿಸಿ, ಹೂವು ಬಾಡುವ ಮೊದಲೇ ವಸಂತಪುರ ತಲುಪಿಸಿದರು. ಆ ದಾರಿ ನಾನು ಕಂಡುಹಿಡಿದದ್ದು! ಹೇಳುವಂತಿರಲಿಲ್ಲ. ಬೆಂಗಳೂರಿನ ಕಾರ್ಯಗಳಲ್ಲಿ ಕ್ಷೇಮ ಸಮಾಚಾರಕ್ಕಿಂತ ಮೊದಲು ಕೇಳುವುದು "ಯಾವ ಕಡೆಯಿಂದ ಬಂದ್ರಿ?" ಎಂದು ತಾನೇ? ಉಪ್ಪಿಟ್ಟಿನ ತಟ್ಟೆ ಹಿಡಿದ ಗಂಡಸರ ನಡುವೆ ಭಾವ ಚಮಚದಲ್ಲಿ ನನ್ನ ತಿರುವುಗಳನ್ನೆಲ್ಲ ವಿವರಿಸಿದರು. "ಸಖತ್ ರೂಟು ಸಾರ್" ಎಂದರು ಒಬ್ಬರು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಊಟಕ್ಕೆ ಒಬ್ಬಟ್ಟಿತ್ತು. ಅದು ಭಾವನ ಮನಸ್ಸನ್ನು ಕರಗಿಸಿತೆಂದು ಕಾಣುತ್ತದೆ. ಕಾರು ಹತ್ತುವಾಗ, "ವಾಪಸ್ ಹೋಗ್ತಾ ನೀನೇ ಹೇಳಪ್ಪ. ನನಗೆ ನಿದ್ದೆ ಬರ್ತಿದೆ" ಎಂದರು. ಕನಕಪುರ ರಸ್ತೆ ಹತ್ತಿರವಾಯಿತು. ಅಲ್ಲಿ ವಾಹನಗಳು ಒತ್ತೊತ್ತಾಗಿ ಒಂದೇ ಕಡೆ ಹೊರಟಿದ್ದವು. ಪಕ್ಕದಲ್ಲಿ ಒಂದು ಖಾಲಿ ಒಳರಸ್ತೆ. ನನ್ನ ಕೈ ಅತ್ತ ಏಳುತ್ತಿತ್ತು, ಗದರಿಸಿ ಕೂರಿಸಿದೆ. ಮನುಷ್ಯನೆಂದಮೇಲೆ ಅನುಭವದಿಂದ ಕಲಿಯಬೇಡವೇ?

"ಎಲ್ಲರೂ ಹೋಗೋ ಕಡೆಗೇ ಹೋಗು" ಎಂದೆ.

ಸುಧಾ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. "ಹುಷಾರಾಗಿದೀರಾ ತಾನೇ?"

"ಇಷ್ಟು ಜನ ಹೋಗ್ತಿದಾರೆ ಅಂದ್ರೆ ಸುಮ್ನೆ ಹೋಗ್ತಾರಾ?"

ಸಾರಕ್ಕಿ ಸಿಗ್ನಲ್ ಇನ್ನೂ ದೂರವಿರುವಾಗಲೇ ಎಲ್ಲವೂ ನಿಂತಿತು. ಸುಧಾ ಇಂಜಿನ್ ಆಫ್ ಮಾಡಿದಳು. ಭಾವ ಗೊರಕೆ ಹೊಡೆಯತೊಡಗಿದರು. ಅಕ್ಕ ತಾಂಬೂಲದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ ನನಗೂ ಒಂದು ಬೀಡಾ ಕಟ್ಟಿಕೊಟ್ಟಳು. ಎಲ್ಲಿಗೂ ಹೋಗದೆ ಹೀಗೆ ಕೂರುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಫೋನು ಕಿಣಿಕಿಣಿ ಎಂದಿತು.

"ಏನ್ರೀ ಅದು?" ಎಂದಳು ಸುಧಾ.

"ನನ್ನ ದೋಣಿ ಕಣೆ. ಅಟ್ಲಾಂಟಿಕ್ ದಾಟಿ ದಡ ಸೇರ್ತಂತೆ."

ಅವಳು ಮುಂದೆ ನಿಂತಿದ್ದ ಬಸ್ಸಿನ ಹಿಂಭಾಗವನ್ನೇ ನೋಡುತ್ತಾ, "ಅದಕ್ಕೆ ದಾರಿ ಯಾರು ಹೇಳಿದ್ರು?" ಎಂದಳು.

ಯಾರೂ ಹೇಳಿರಲಿಲ್ಲ.