ಎರಡು ಕೋಣೆಯ ಮ್ಯೂಸಿಯಮ್ಮಿನಲ್ಲಿ ಹೋದ ಮಾನ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನ ಮಾನ ಅಡಿಕೆಯಂಥ ಬೆಲೆಬಾಳುವ ವಸ್ತುವಿಗೇನೂ ಹೋಗಲಿಲ್ಲ. ಒಲೆಯ ಬಾಗಿಲಿಗೆ ಒಂದು ಸಲ ಹೋಯಿತು, ಕೂರಿಗೆಗೆ ಒಂದು ಸಲ, ಫೋಟೋಗೆ ಒಂದು ಸಲ. ಭಾನುವಾರ ಮತ್ತು ಸಂತೆಯ ದಿನ, ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಅದು ಹೋಗುತ್ತಲೇ ಇರುತ್ತದೆ. ನಮ್ಮ ಮ್ಯೂಸಿಯಂ ತೆರೆದಿರುವ ಹೊತ್ತು ಅದು.

ಮ್ಯೂಸಿಯಂ ಅಂದರೆ ದೊಡ್ಡದೇನೂ ಅಲ್ಲ. ಭೇರ್ಯದ ಕಡೆಯ ನಮ್ಮೂರಿನಲ್ಲಿ ಪಂಚಾಯ್ತಿಯ ಹಳೇ ಕಟ್ಟಡದ ಎರಡು ಕೋಣೆ. ನಡೆಸುವವರು ಮೂರು ಜನ, ಮೂವರಿಗೂ ಸಂಬಳವಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ನಾನು ಒಬ್ಬ. ನಿವೃತ್ತ ಬಸ್ ಕಂಡಕ್ಟರು ಇನ್ನೊಬ್ಬರು. ಇವರು ಬಂದವರನ್ನು ಬಾಗಿಲಲ್ಲಿ ನಿಲ್ಲಲು ಬಿಡುವುದಿಲ್ಲ, "ಒಳಗೆ ಜಾಗ ಅದೆ, ಮುಂದಕ್ಕೋಗಿ ಮುಂದಕ್ಕೋಗಿ" ಅನ್ನುತ್ತಾರೆ. ಪಕ್ಕದಲ್ಲೇ ಅಂಗಡಿ ಇಟ್ಟಿರುವ ಟೈಲರ್ ಸಾಹೇಬರು ಮೂರನೆಯವರು. ಬೀಗದ ಕೈ ಇರುವುದು ಅವರ ಹತ್ತಿರ. ನಮ್ಮ ಮೂವರಲ್ಲಿ ಬುದ್ಧಿ ಇರುವುದೂ ಅವರ ಹತ್ತಿರವೇ.

ಕೋಣೆ ಕೊಡುವಾಗ ಪಂಚಾಯ್ತಿ ಅಧ್ಯಕ್ಷರಮ್ಮ ಖಂಡಿತವಾಗಿ ಹೇಳಿದ್ದರು. "ಒಂದು ವರ್ಸ ನೋಡ್ತೀವಿ ಮೇಷ್ಟ್ರೇ. ಊರ್ಗೆ ಉಪಯೋಗ ಆದ್ರೆ ನೀವೇ ಮಡಿಕೊಳಿ. ಇಲ್ದಿದ್ರೆ ಗೊಬ್ಬರದ ಮೂಟೆ ಹಾಕೋಕೆ ಬೇಕು ನಮ್ಗೆ." ಆ ಒಂದು ವರ್ಷ ನಾನು ಆ ಗೊಬ್ಬರದ ಮೂಟೆಗಳನ್ನು ಕನಸಿನಲ್ಲೂ ಕಂಡೆ. ಏಕೆಂದರೆ ಊರಿನವರು ಅಟ್ಟದಿಂದ ಇಳಿಸಿ, ಒರೆಸಿ, ಕೆಲವರು ಅರಿಶಿನ ಕುಂಕುಮವನ್ನೂ ಇಟ್ಟು ತಮ್ಮ ಮನೆಯ ಸಾಮಾನು ತಂದುಕೊಟ್ಟಿದ್ದರು. "ವಾಪಸು ತಗೊಂಡು ಹೋಗಿ" ಎಂದು ಆ ಮನೆಗಳ ಬಾಗಿಲಿಗೆ ಹೋಗಿ ಹೇಳುವ ಮುಖ ನನಗಿರಲಿಲ್ಲ.

ನನಗೊಂದು ರೋಗವಿದೆ. ಯಾರಾದರೂ ಏನಾದರೂ ಕೇಳಿದರೆ "ಗೊತ್ತಿಲ್ಲ" ಎನ್ನಲು ಬಾಯಿ ಬರುವುದಿಲ್ಲ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವರಿಗೆಲ್ಲ ಇದು ಅಂಟುತ್ತದೆ. ಮುಂದಿನ ನಾಚಿಕೆಗೇಡಿನ ಸಂಗತಿಗಳಿಗೆಲ್ಲ ಈ ರೋಗವೇ ಕಾರಣ.

ಗುರಾಣಿ

ಹುಣಸೂರಿನ ಗುಜರಿ ಅಂಗಡಿಯಲ್ಲಿ ಕಂಡಕ್ಟರಿಗೆ ಒಂದು ದುಂಡನೆಯ ಕಬ್ಬಿಣದ ತಟ್ಟೆ ಸಿಕ್ಕಿತು. ಮೊಳದಗಲ, ನಡುವೆ ಹಿಡಿ, ಒಂದು ಮಗ್ಗುಲು ಸುಟ್ಟು ಕರ್ರಗಾಗಿದೆ. "ಏನಿರಬಹುದು ಮೇಷ್ಟ್ರೇ?" ಎಂದರು. ನಾನು ಒಂದು ಗಳಿಗೆಯೂ ತಡಮಾಡದೆ ಚೀಟಿ ಬರೆದೆ: "ಪಾಳೆಯಗಾರರ ಕಾಲದ ಗುರಾಣಿ. ಕಪ್ಪಾಗಿರುವುದು ಸಿಡಿಮದ್ದಿನ ಹೊಗೆಯಿಂದ." ಕಪ್ಪು ಮಗ್ಗುಲು ಜನಕ್ಕೆ ಕಾಣುವಂತೆ ಗೋಡೆಗೆ ತೂಗುಹಾಕಿದೆವು. ಆರು ವಾರ ಅದರ ಮುಂದೆ ನಿಂತು ಯುದ್ಧವನ್ನು ವರ್ಣಿಸಿದೆ. ಒಬ್ಬ ಸೈನಿಕನಂತೂ ನನ್ನ ಮಾತಿನಲ್ಲಿ ಮೂರು ಸಲ ಸತ್ತ.

ಏಳನೆಯ ವಾರ ಪಿರಿಯಾಪಟ್ಟಣದ ಕಡೆಯ ಒಬ್ಬ ಹೊಗೆಸೊಪ್ಪಿನ ರೈತ ಬಂದ. ಅಕ್ಕನ ಮನೆಗೆ ಬಂದವನು ಹೊತ್ತು ಹೋಗದೆ ನಮ್ಮಲ್ಲಿಗೆ ಬಂದಿದ್ದ. ನನ್ನ ಯುದ್ಧವನ್ನೆಲ್ಲ ಕೈಕಟ್ಟಿ ಕೇಳಿದ.

"ಇಂಥದ್ದು ನಮ್ಮ ಬ್ಯಾರನ್ನಲ್ಲೂ ಒಂದದೆ ಸಾ," ಎಂದ. ಬ್ಯಾರನ್ನು ಅಂದರೆ ಹೊಗೆಸೊಪ್ಪನ್ನು ಬೇಯಿಸಿ ಹದಮಾಡುವ ಮನೆ. "ಒಲೆ ಬಾಯಿ ಮುಚ್ಚಾದು."

ಅವನ ಮಾತು ನಿಜವಿರಬಹುದು ಅನ್ನಿಸಿತು. ಆದರೆ ರೋಗ ಸುಮ್ಮನಿರಬೇಕಲ್ಲ. "ಹಳೇ ಗುರಾಣಿಗಳನ್ನೇ ಜನ ಆಮೇಲೆ ಒಲೆಗೆ ಬಳಸಿರಬಹುದು," ಎಂದೆ.

"ಇರ್ಬೋದು ಇರ್ಬೋದು," ಎನ್ನುತ್ತ ಅವನು ತಟ್ಟೆಯನ್ನು ಮೊಳೆಯಿಂದ ಇಳಿಸಿ ಹಿಂದುಮುಂದಾಗಿ ತಿರುಗಿಸಿದ. ಗೋಡೆಯ ಕಡೆಗಿದ್ದ ಮಗ್ಗುಲನ್ನು ಆವರೆಗೆ ನಾನೂ ಸರಿಯಾಗಿ ನೋಡಿರಲಿಲ್ಲ. ಅಂಚಿನಲ್ಲಿ ಯಾವನೋ ವೆಲ್ಡಿಂಗಿನವನು ಹತ್ತು ಅಂಕಿ ಉಬ್ಬಿಸಿ ಬರೆದಿದ್ದ.

"ಅಲ್ಲಾ ಸಾ," ಎಂದು ರೈತ ಬಹಳ ಮರ್ಯಾದೆಯಿಂದ ಕೇಳಿದ, "ಪಾಳೆಯಗಾರ್ರು ಮೊಬೈಲು ಮಡಗಿದ್ರಾ?"

ಕೂರಿಗೆ

ಇನ್ನೊಂದು ಭಾನುವಾರ ಗುರುಪುರದ ಹತ್ತಿರದ ಟಿಬೆಟಿನವರ ಕ್ಯಾಂಪಿನಿಂದ ಗಂಡ ಹೆಂಡತಿ ಬಂದರು. ಊರಿನಲ್ಲಿ ಯಾರದೋ ಹಸು ನೋಡಲು ಬಂದವರು, ಬೋರ್ಡು ಕಂಡು ಒಳಗೆ ಬಂದಿದ್ದರು. ಗಂಡನಿಗೆ ಐವತ್ತು ದಾಟಿತ್ತು. ಮುಖ ನೋಡಿದ ಕೂಡಲೇ ನಾನು ಇಂಗ್ಲಿಷಿಗೆ ತಿರುಗಿದೆ. "ದಿಸ್ ಈಸ್ ವೆರಿ ಓಲ್ಡ್" ಎಂದು ಶುರುಮಾಡಿ, ಇಂಗ್ಲಿಷು ಮುಗಿದ ಮೇಲೆ ಹಿಂದಿಗೆ ಹೋದೆ. ನನ್ನ ಹಿಂದಿ ಕಂಬಳಿ ಮಾರುವವರ ಹತ್ತಿರ ಚೌಕಾಸಿ ಮಾಡುವಷ್ಟರದು. ಅದು ಸಾಲದ ಕಡೆ ಕೈಬಾಯಿ ಆಡಿಸಿ, ಎತ್ತು, ನೇಗಿಲು, ಬಿತ್ತನೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಎತ್ತಾಗಿಯೂ ಒಂದು ಸುತ್ತು ನಡೆದೆ.

ಹತ್ತು ನಿಮಿಷ ಅವರಿಬ್ಬರೂ ತಲೆದೂಗಿದರು. ಆಮೇಲೆ ಗಂಡ ಮೆಲ್ಲಗೆ ಹೇಳಿದ.

"ಬೇಜಾರ್ ಮಾಡ್ಕಬ್ಯಾಡಿ ಸಾ. ನೀವೇಳೋದು ನಂಗೆ ಒಂದೂ ಗೊತ್ತಾಯ್ತಾ ಇಲ್ಲ. ಕನ್ನಡದಲ್ಲೇ ಏಳ್ಬುಡಿ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೀತಮ್ಮನಿಗೆ ಬಿಟ್ಟಿತಂತೆ, ಮೇಷ್ಟರಿಗೆ ಬಿಡುವುದಿಲ್ಲ. ಬೆವರು ಒರೆಸಿಕೊಂಡು, "ಇದು ಕೂರಿಗೆ. ರಾಗಿ ಬಿತ್ತುವುದು," ಎಂದೆ.

"ಅದು ಗೊತ್ತು ಬುಡಿ. ಗುರುಪುರದ ಗೌಡ್ರೊಬ್ರು ನಮ್ಮಪ್ಪಂಗೆ ಕಲ್ಸಿದ್ರು. ನಾನೂ ಇದ್ರ ಇಂದೆ ನಡ್ದಿವ್ನಿ. ಆದ್ರೆ ನೀವು ತಲೆಕೆಳಗು ಮಾಡಿ ನೇತಾಕಿದ್ದೀರಲ್ಲ? ಇದ್ರಲ್ಲಿ ಬಿತ್ತುದ್ರೆ ರಾಗಿ ಆಕಾಸದಾಗೆ ಬೆಳೀಬೇಕು!"

ಕಂಡಕ್ಟರು ಸ್ಟೂಲು ತಂದರು. ನೋಡಲು ಬಂದಾತನೇ ಹತ್ತಿ, ಹಗ್ಗ ಬಿಚ್ಚಿ, ಕೂರಿಗೆಯನ್ನು ಸರಿಮಾಡಿ ಕಟ್ಟಿ ಇಳಿದ. ನಾನು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡಿದ್ದೆ, ಆ ಕೋಣೆಯಲ್ಲಿ ನನ್ನಿಂದಾದ ಉಪಕಾರ ಅಷ್ಟೇ. ಹೊರಡುವಾಗ ಅಷ್ಟು ಹೊತ್ತೂ ಮಾತಾಡದಿದ್ದ ಆತನ ಹೆಂಡತಿಗೆ ನನ್ನ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು. ಗಂಡನ ತೋಳು ಮುಟ್ಟಿ ಹೇಳಿದಳು.

"ಇರ್ಲಿ ಬುಡಿ, ಪಾಪ. ಅವ್ರು ಈ ಕಡೆಯೋರಲ್ಲ ಅಂತ ಕಾಣ್ತದೆ."

ಎಡದಿಂದ ಮೂರನೆಯವರು

ನಮ್ಮೂರ ಕೆರೆಯ ಹೂಳೆತ್ತಿದಾಗ ತೆಗೆದ ಒಂದು ಫೋಟೋ ಒಂದು ಮನೆಯಿಂದ ಬಂತು. ಗುದ್ದಲಿ ಮಂಕರಿ ಹಿಡಿದ ಏಳು ಜನ. ಫೋಟೋ ಅಷ್ಟು ಮಾಸಿತ್ತು ಅಂದರೆ, ಇದರಲ್ಲಿರುವವರು ಬದುಕಿರಲು ಸಾಧ್ಯವಿಲ್ಲ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಗಣಿತದ ಮೇಷ್ಟರು ಹಾಕಿದ ಲೆಕ್ಕ. ಏಳು ಜನರಿಗೂ ಒಟ್ಟಿಗೇ "ದಿವಂಗತರು" ಎಂದು ಬರೆದು, ಮೇಲೊಂದು ಗಂಧದ ಹಾರವನ್ನೂ ಹಾಕಿದೆ.

ಹೊಸ ಅಗ್ರಹಾರದಿಂದ ಬಸ್ಸು ಹತ್ತಿ ಒಬ್ಬ ಅಜ್ಜ ಬಂದರು. ಕೋಲೂರಿಕೊಂಡು ಫೋಟೋದ ಮುಂದೆ ಬಹಳ ಹೊತ್ತು ನಿಂತರು. ನಾನು ಹತ್ತಿರ ಹೋದೆ.

"ಎಡ್ಗಡೆಯಿಂದ ಮೂರ್ನೇಯವ್ನು ತೀರ್ಕಂಡು ಎಷ್ಟು ವರ್ಸ ಆಯ್ತಪ್ಪ?" ಎಂದು ಕೇಳಿದರು.

ಇಲ್ಲಾದರೂ ನಾನು ಬಾಯಿ ಮುಚ್ಚಿಕೊಳ್ಳಬಹುದಿತ್ತು. "ಒಂದಿಪ್ಪತ್ತು ವರ್ಷ ಆಗಿರಬಹುದು," ಎಂದೆ.

"ಏನಾಗಿತ್ತಂತೆ?"

"ಏನಿಲ್ಲ, ವಯಸ್ಸಾಗಿತ್ತು. ಸುಖವಾದ ಸಾವು."

"ಮನುಸ ಎಂಗಿದ್ದ?"

"ಬಹಳ ಒಳ್ಳೆಯವರಂತೆ. ಊರೇ ಹೇಳುತ್ತದೆ."

"ಅದೊಂದು ಮಾತ್ರ ದಿಟ ಕಣಪ್ಪ," ಎಂದು ಅಜ್ಜ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ಅದೇ ಕಿವಿ, ಅದೇ ಮೂಗು. ಫೋಟೋದಲ್ಲಿ ಇಲ್ಲದ್ದು ಕೈಯಲ್ಲಿದ್ದ ಕೋಲು ಒಂದೇ.

ನಾನು ಅವರ ಕಾಲಿಗೆ ಬಿದ್ದೆ. ನಿಜವಾಗಿಯೂ ಬಿದ್ದೆ, ಮಾತಿಗೆ ಹೇಳುತ್ತಿಲ್ಲ. ಅಜ್ಜ ಬೈಯಲಿಲ್ಲ. ನನ್ನನ್ನು ಎಬ್ಬಿಸಿ, ಬೆನ್ನು ತಟ್ಟಿ, ನೋವಿನಿಂದಲೋ ತಮಾಷೆಗೋ ತಿಳಿಯದಂತೆ ಹೇಳಿದರು.

"ಪಿಂಚಣಿಯೋರು ವರ್ಸಕ್ಕೊಂದ್ಸಲ ಬದ್ಕಿದ್ದೀಯಾ ಅಂತ ಕೇಳ್ತಾರೆ ಕಣಪ್ಪ. ನೀನು ಅದ್ನೂ ಕೇಳ್ನಿಲ್ವಲ್ಲ."

ಮುಟ್ಟಬಾರದು

ಆಮೇಲೆ ನನ್ನ ವಿವರಣೆ ಕೇಳಲು ಬರುವವರು ಕಡಿಮೆಯಾದರು. ಬೇರೆ ಕೆಲಸಕ್ಕೆ ಬರುವವರು ಹೆಚ್ಚಾದರು.

ನಮ್ಮ ಕಡೆ ಮದುವೆ ಅಂದರೆ ಮೊದಲು ಅರಿಶಿನ ಕುಟ್ಟುವ ಶಾಸ್ತ್ರ ಆಗಬೇಕು. ಒರಳಿಗೂ ಒನಕೆಗೂ ಪೂಜೆ ಮಾಡಿ ಐದು ಜನ ಮುತ್ತೈದೆಯರು ಕುಟ್ಟಬೇಕು. ಈಗ ಮನೆಮನೆಗೂ ಮಿಕ್ಸಿ ಇದೆ, ಒನಕೆ ಯಾರ ಮನೆಯಲ್ಲಿದೆ? ಇದ್ದವರೆಲ್ಲ ನಮಗೆ ಕೊಟ್ಟಿದ್ದಾರೆ. ಮೊದಲ ಸಲ ಕೇಳಲು ಬಂದ ಹೆಂಗಸಿಗೆ ನಾನು ಗೋಡೆಯ ಬೋರ್ಡು ತೋರಿಸಿದೆ. "ನೋಡಮ್ಮ, ಇಲ್ಲಿ ವಸ್ತುಗಳನ್ನು ಮುಟ್ಟಬಾರದು."

"ಮುಟ್ದೆ ಕುಟ್ಟಾದೆಂಗೆ ಮೇಷ್ಟ್ರೇ?" ಎಂದಳು.

ಕಂಡಕ್ಟರಿಗೆ ಊರೆಲ್ಲ ನೆಂಟರು. ನಾನು ಅತ್ತ ತಿರುಗುವಷ್ಟರಲ್ಲಿ ಒನಕೆ ಹೆಗಲೇರಿ ಹೋಗಿತ್ತು. ಮುಂದಿನ ವಾರ ಒನಕೆಯ ಜೊತೆ ಒರಳು ಹೋಯಿತು, ಆಮೇಲೆ ಹಸೆಮಣೆ, ಮೊರ, ಸೇರು, ಕಂಚಿನ ದೀಪ. ಸಾಹೇಬರ ನೆಂಟರ ಮದುವೆಗೆ ತಾಮ್ರದ ಹಂಡೆಗಳು ಹೋದವು. ಲಗ್ನದ ಕಾಲದಲ್ಲಿ ಸಾಮಾನು ಒಂದು ಚಪ್ಪರದಿಂದ ಇನ್ನೊಂದು ಚಪ್ಪರಕ್ಕೆ ನೇರವಾಗಿ ಹೋಗುತ್ತಿತ್ತು, ನಮ್ಮ ಕಡೆ ತಲೆಯೇ ಹಾಕುತ್ತಿರಲಿಲ್ಲ. ಗೋಡೆಯ ಮೇಲೆ ಉಳಿದದ್ದು ನನ್ನ ಕೈಬರಹದ ಚೀಟಿಗಳು. ಪ್ರತಿಯೊಂದರಲ್ಲೂ ಒಂದೇ ಸಾಲು: "ಈ ವಸ್ತು ಈಗ ಬಳಕೆಯಲ್ಲಿಲ್ಲ."

ಗೊತ್ತಿಲ್ಲ

ವರ್ಷ ತುಂಬಿತು. ಅಧ್ಯಕ್ಷರಮ್ಮ ಮೂವರು ಮೆಂಬರುಗಳನ್ನು ಕಟ್ಟಿಕೊಂಡು, ಮುಂಚೆ ಹೇಳದೆ, ಊರಿನ ಛತ್ರದಲ್ಲಿ ದೊಡ್ಡ ಮದುವೆ ನಡೆಯುತ್ತಿದ್ದ ಗುರುವಾರ ಬಂದುಬಿಟ್ಟರು. ನಾನು ಅಂಗಿ ಗುಂಡಿ ಹಾಕಿಕೊಳ್ಳುತ್ತ ಓಡಿದೆ. ಸಾಹೇಬರು ಮಿಷನ್ನು ಬಿಟ್ಟು ಬಂದು ಬೀಗ ತೆಗೆದು, ಗುಂಡಿಗೆ ಕಾಜಾ ಹಾಕುವುದಿದೆ ಎಂದು ಅಂಗಡಿಗೆ ವಾಪಸು ಹೋದರು.

ಒಳಗೆ ನೋಡಿದರೆ ಮೊಳೆ, ಚೀಟಿ, ಗೋಡೆ. ಕೂರಿಗೆಯನ್ನೂ ಯಾರೋ ಮದುವೆ ಮನೆಯ ಸೆಲ್ಫಿಗೆ ಒಯ್ದಿದ್ದರು.

"ಸಾಮಾನೆಲ್ಲಿ ಮೇಷ್ಟ್ರೇ?" ಎಂದರು ಅಧ್ಯಕ್ಷರಮ್ಮ.

"ಮದುವೆಗೆ ಹೋಗಿವೆ ತಾಯಿ."

ಒಬ್ಬ ಮೆಂಬರು ಆಗಲೇ ಕೋಣೆಯನ್ನು ಹೆಜ್ಜೆಯಲ್ಲಿ ಅಳೆಯತೊಡಗಿದ್ದ. "ಮೂಟೆ ಚೆನ್ನಾಗಿ ಇಡೀತವೆ ಕಣಕ್ಕ, ತೇವಾನೂ ಇಲ್ಲ," ಎಂದ. ಕೊಟ್ಟವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವರಿಗೆಲ್ಲ ಏನೆಂದು ಹೇಳಲಿ? ನನ್ನ ಬಡಾಯಿಗೆ ಊರಿನ ಸಾಮಾನೆಲ್ಲ ಬೀದಿಪಾಲಾಯಿತು ಅನ್ನಲೇ?

ಅಷ್ಟರಲ್ಲಿ ಒಳಕೋಣೆಯಿಂದ ಇನ್ನೊಬ್ಬ ಮೆಂಬರು ಕೂಗಿದ. "ಇಲ್ಲೊಂದದೆ ಬನ್ನಿ!"

ಮೂಲೆಯಲ್ಲಿ ಒಂದು ಮರದ ತುಂಡು. ಎರಡಡಿ ಉದ್ದ, ಕಡೆದು ಉರುಟು ಮಾಡಿದ್ದು, ನಡುವೆ ಬಳೆಬಳೆಯಾದ ಕೆತ್ತನೆ, ಒಂದು ತುದಿಯಲ್ಲಿ ತೂತು. ಅದಕ್ಕೆ ಚೀಟಿಯಿರಲಿಲ್ಲ.

"ಇದೇನು ಮೇಷ್ಟ್ರೇ?" ಎಂದರು ಅಧ್ಯಕ್ಷರಮ್ಮ.

ನನ್ನ ನಾಲಿಗೆಯ ತುದಿಗೆ ರಾಜದಂಡ ಬಂದಿತ್ತು. ದೇವರಾಣೆ, ಬಂದಿತ್ತು. ಹೊಸ ಅಗ್ರಹಾರದ ಅಜ್ಜನ ಮುಖ ನೆನಪಾಗಿ ಅದನ್ನು ನುಂಗಿದೆ. ಜೀವಮಾನದಲ್ಲಿ ಮೊದಲ ಸಲ ಹೇಳಿದೆ:

"ನನಗೆ ಗೊತ್ತಿಲ್ಲ."

ಮೇಷ್ಟರಿಗೇ ಗೊತ್ತಿಲ್ಲ ಅಂದ ಮೇಲೆ ಬೇರೆಯವರು ಸುಮ್ಮನಿರುತ್ತಾರೆಯೇ? "ಇದು ಗಾಡಿ ನೊಗದ್ದು ಕಣ್ರೀ, ನಮ್ಮ ತಾತ ಮಡಗಿದ್ರು," ಎಂದ ಅಳೆಯುತ್ತಿದ್ದವನು. "ನಿನ್ ತಲೆ! ಮಜ್ಜಿಗೆ ಕಡೆಯೋ ಕಂಬ ಕಣ್ಲಾ ಇದು, ತೂತು ಅಗ್ಗಕ್ಕೆ," ಎಂದ ಇನ್ನೊಬ್ಬ. ಮೂರನೆಯವನು ಅದು ಪಲ್ಲಕ್ಕಿಯ ತುಂಡೆಂದು ಎರಡು ಕಣ್ಣಿಗೂ ಒತ್ತಿಕೊಂಡ. ಅಧ್ಯಕ್ಷರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತೀರ್ಪು ಕೊಟ್ಟರು. "ಎಲ್ಲಾ ಸುಮ್ಕಿರಿ. ನಮ್ಮಜ್ಜಿ ಇದ್ರಲ್ಲೇ ಸ್ಯಾವಿಗೆ ಒತ್ತೋರು. ನಾನೇ ಕಣ್ಣಾರೆ ಕಂಡಿವ್ನಿ. ಎಂಥಾ ಸಾಮಾನು! ಇಂಥದ್ದು ಕಳ್ಕಬಾರ್ದು ಕಣ್ರೀ." ನಾಲ್ವರೂ ಅರ್ಧ ಗಂಟೆ ಕೂಗಾಡಿದರು. ಗೊಬ್ಬರದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಗಲಾಟೆ ಕೇಳಿ ಸಾಹೇಬರು ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಬಂದರು. ಅಧ್ಯಕ್ಷರಮ್ಮನ ಕೈಯಲ್ಲಿದ್ದುದನ್ನು ನೋಡಿದರು.

"ಅದಾ? ನಮ್ಮ ಮೇಜಿನ ಕಾಲು ಕಣಕ್ಕ. ಬೆಳಿಗ್ಗೆ ತಾಂಬೂಲ ಮಡಗೋಕೆ ಅಂತ ಮೇಜ್ನೂ ಒತ್ಕೊಂಡೋದ್ರು. ಬಾಗ್ಲಿಗೆ ತಗುಲಿ ಒಂದು ಕಾಲು ಮುರೀತು. ಅಲ್ಲಿ ಕಾಲಿನ ಬದ್ಲು ಇಟ್ಟಿಗೆ ಕೊಟ್ಟು ಮಡಿಕೊಂಡವ್ರೆ."

ವರ್ಷವಿಡೀ ನಾನು ಕೂತು ಚೀಟಿ ಬರೆದ ಮೇಜು ಅದು. ಸಾಹೇಬರು ಹೊಲಿದ ಬಟ್ಟೆ ನೆಲ ಮುಟ್ಟುವಂತೆ ಹೊದಿಸಿದ್ದರಿಂದ ಅದಕ್ಕೆ ಕಾಲಿದೆ ಎಂಬುದನ್ನೂ ನಾನು ನೋಡಿರಲಿಲ್ಲ. ಪಲ್ಲಕ್ಕಿಯ ಮೆಂಬರು ಕಣ್ಣು ಒರೆಸಿಕೊಂಡ. ಅಧ್ಯಕ್ಷರಮ್ಮ ಮೇಜಿನ ಕಾಲನ್ನು ಗೋಡೆಗೆ ಒರಗಿಸಿ, ದನಿ ತಗ್ಗಿಸಿದರು.

"ಮೇಷ್ಟ್ರೇ, ಈ ವಿಚಾರ ಈ ರೂಮಿಂದ ಆಚೆ ಓಗ್ಬಾರ್ದು."

ನಾನು ತಲೆಯಾಡಿಸುವಷ್ಟರಲ್ಲಿ ಸಾಹೇಬರು ಟೇಪು ಮಡಚುತ್ತ ಹೇಳಿದರು. "ಓಗಲ್ಲ ಬುಡಿ ಅಕ್ಕ. ಆದ್ರೆ ಅದಕ್ಕೆ ರೂಮು ನಮ್ಮತ್ರಾನೇ ಇರ್ಬೇಕಾಯ್ತದಲ್ಲ?"

ಅಧ್ಯಕ್ಷರಮ್ಮ ಅವರನ್ನು ಒಂದು ಗಳಿಗೆ ದುರುಗುಟ್ಟಿ ನೋಡಿ, ಕಾಗದ ತೆಗೆಸಿದರು. "ಊರ್ಗೆ ಉಪಯೋಗವಾಗ್ತಾ ಅದೆ ಅಂತ ಬರೀಲಾ," ಎಂದರು ಮೆಂಬರಿಗೆ. ಸಹಿ ಹಾಕಬೇಕೆಂದರೆ ಮೇಜಿಲ್ಲ. ಕೊನೆಗೆ ನನ್ನ ಬೆನ್ನ ಮೇಲೆ ಕಾಗದವಿಟ್ಟು ನಾಲ್ವರೂ ಸಹಿ ಹಾಕಿದರು. ನಾಚಿಕೆಯಿಂದ ಅದು ಹೇಗೂ ಬಗ್ಗಿಯೇ ಇತ್ತು.